ಮಾರ್ಚ್‌ಗೆ ಮೊದಲು ಹಣ: ರುವಾಂಡಾದ ಕಾಫಿ ಸಂಘಗಳಿಗೆ ಸಾಲ ಕೊಡುವ ನನ್ನ ಅನುಭವ

ಹಣ್ಣಾದ ಕಾಫಿ ಯಾರಿಗೂ ಕಾಯುವುದಿಲ್ಲ. ಕೊಯ್ದ ದಿನವೇ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಬೀಳಬೇಕು. ರಾತ್ರಿಯೆಲ್ಲ ಚೀಲದಲ್ಲೇ ಉಳಿದರೆ ಹುಳಿತು ರುಚಿ ಕೆಡುತ್ತದೆ. ಮೂಡಿಗೆರೆ, ಸೋಮವಾರಪೇಟೆ ಕಡೆಯ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ರುವಾಂಡಾದ ರೈತನ ಹತ್ತಿರ ಪಲ್ಪರ್ ಇಲ್ಲ, ಕಣ ಇಲ್ಲ. ಹೆಚ್ಚಿನವರಿಗೆ ಇರುವುದು ಗುಡ್ಡದ ಇಳಿಜಾರಿನಲ್ಲಿ ಕೆಲವು ನೂರು ಗಿಡ ಅಷ್ಟೇ. ಕೊಯ್ದ ಹಣ್ಣನ್ನು ತಲೆಯ ಮೇಲೆ ಹೊತ್ತು ಸಿಪ್ಪೆ ತೆಗೆದು ತೊಳೆದು ಒಣಗಿಸುವ ಸಂಘದ ವಾಷಿಂಗ್ ಸ್ಟೇಷನ್ನಿಗೆ ತಂದು ತೂಗಿಸುತ್ತಾರೆ. ತೂಗಿಸಿದ ಮೇಲೆ ದುಡ್ಡು ಬೇಕು. ಸಂಘ ಅದೇ ಕಾಫಿಯನ್ನು ಹೊರದೇಶಕ್ಕೆ ಮಾರಿ ದುಡ್ಡು ನೋಡುವುದು ಆರೇಳು ತಿಂಗಳ ನಂತರ. ಆ ಆರೇಳು ತಿಂಗಳಿಗೆ ಸಾಲ ಹೊಂದಿಸುವುದು ನನ್ನ ಕೆಲಸ.

ಊರಿನಲ್ಲಿ ನಾನು ಸಹಕಾರಿ ಬ್ಯಾಂಕೊಂದರಲ್ಲಿ ಬೆಳೆ ಸಾಲದ ಕಡತ ನೋಡುತ್ತಿದ್ದವಳು. ಪಹಣಿ, ಜಾಮೀನುದಾರರ ಸಹಿ, ಬೇರೆಡೆ ಬಾಕಿ ಇಲ್ಲವೆಂಬ ಪತ್ರ, ಇಷ್ಟು ಸರಿಯಿದ್ದರೆ ಮಂಜೂರು. ನಮ್ಮ ಬೆನ್ನಿಗೆ ಜಿಲ್ಲಾ ಬ್ಯಾಂಕ್, ಅದರ ಬೆನ್ನಿಗೆ ಅಪೆಕ್ಸ್ ಬ್ಯಾಂಕ್, ಅದರಾಚೆ ನಬಾರ್ಡ್. ನಮ್ಮ ನಾಡಿನಲ್ಲಿ ಸಹಕಾರ ಶುರುವಾದದ್ದೇ ಪತ್ತಿನಿಂದ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ್ದು ಪತ್ತಿನ ಸಂಘವನ್ನೇ. ರುವಾಂಡಾದ ಕಾಫಿ ಸಂಘಗಳು ಹುಟ್ಟಿದ್ದು ಕಾಫಿಯನ್ನು ಚೆನ್ನಾಗಿ ಸಂಸ್ಕರಿಸಿ ಮಾರುವುದಕ್ಕಾಗಿ. 1994ರ ನರಮೇಧ ಕಳೆದು ಐದು ವರ್ಷಕ್ಕೆ, 1999ರಲ್ಲಿ, ದಕ್ಷಿಣದ ಮರಾಬಾದ ರೈತರು ಒಟ್ಟಾಗಿ ಸಂಘ ಕಟ್ಟಿದರು. ಅವರಲ್ಲಿ ಮನೆಯವರನ್ನು ಕಳೆದುಕೊಂಡವರೇ ಬಹಳ. 2001ರಲ್ಲಿ ಅವರಿಗೆ ವಾಷಿಂಗ್ ಸ್ಟೇಷನ್ ಆಯಿತು. ಇವತ್ತು ದೇಶದಲ್ಲಿ ಅಂಥವು 300ಕ್ಕೂ ಹೆಚ್ಚಿವೆ. ಯಂತ್ರಕ್ಕೆ, ತೊಟ್ಟಿಗೆ, ಒಣಗಿಸುವ ಮೇಜುಗಳಿಗೆ ದಾನಿಗಳು ಸಿಕ್ಕರು. ಹಣ್ಣು ಕೊಳ್ಳುವ ದುಡ್ಡಿಗೆ ಮಾತ್ರ ಪ್ರತಿ ವರ್ಷವೂ ಹೊಸದಾಗಿ ಅಲೆಯಬೇಕು.

ಅಲ್ಲಿನ ವಾಣಿಜ್ಯ ಬ್ಯಾಂಕುಗಳು ಕೇಳುವುದು ಕಟ್ಟಡ ಅಥವಾ ಜಮೀನಿನ ಅಡಮಾನ, ಬಡ್ಡಿ ಶೇ. 16ರ ಆಸುಪಾಸು. ಸದಸ್ಯರ ತುಂಡು ಭೂಮಿಗೆ ಹಕ್ಕುಪತ್ರ ಇದೆ. ಆದರೆ ಸಾವಿರ ಜನರ ಸಾವಿರ ತುಂಡನ್ನು ಅಡವಿಡುವುದು ಆಗುವ ಮಾತಲ್ಲ, ಆಗಬಾರದ ಮಾತೂ ಹೌದು. ಹಾಗಾಗಿ ಇಂಥ ಸಂಘಗಳು ಸಾಮಾಜಿಕ ಸಾಲಸಂಸ್ಥೆಗಳ ಕಡೆ ನೋಡುತ್ತವೆ: ನೆದರ್‌ಲ್ಯಾಂಡ್ಸ್‌ನ ಓಯಿಕೊಕ್ರೆಡಿಟ್, ಇಂಗ್ಲೆಂಡಿನ ಶೇರ್ಡ್ ಇಂಟರೆಸ್ಟ್, ಬೆಲ್ಜಿಯಂನ ಆಲ್ಟರ್‌ಫಿನ್, ಅಮೆರಿಕದ ರೂಟ್ ಕ್ಯಾಪಿಟಲ್. ಇದೇ ಬಗೆಯ ಸಂಸ್ಥೆಯೊಂದಕ್ಕೆ ನಾನು ರಾಜಧಾನಿ ಕಿಗಾಲಿಯಲ್ಲಿ ಕುಳಿತು ಕೆಲಸ ಮಾಡುತ್ತೇನೆ. ನನ್ನ ಸಂಘಗಳು ಹೆಚ್ಚಾಗಿ ಕಿವು ಸರೋವರದ ದಂಡೆಯ ಗುಡ್ಡಗಳಲ್ಲಿವೆ. ಎಲ್ಲ ಬೂರ್ಬೋನ್ ತಳಿಯ ಅರೇಬಿಕಾ.

ನಾನು ಒತ್ತೆ ಇಟ್ಟುಕೊಳ್ಳುವುದು ಖರೀದಿ ಒಪ್ಪಂದವನ್ನು. ಹೊರದೇಶದ ರೋಸ್ಟರ್ (ಕಾಫಿ ಹುರಿದು ಮಾರುವವನು) ಇಷ್ಟು ಕಾಫಿಯನ್ನು ಇಷ್ಟು ಬೆಲೆಗೆ ಕೊಳ್ಳುತ್ತೇನೆಂದು ಸಹಿ ಹಾಕಿದ ಕಾಗದ ಅದು. ಅದರ ಮೇಲೆ ಸಂಘ, ಖರೀದಿದಾರ, ನಾವು, ಹೀಗೆ ಮೂವರೂ ಸೇರಿ ಇನ್ನೊಂದು ಕರಾರು ಮಾಡಿಕೊಳ್ಳುತ್ತೇವೆ. ಕಾಫಿ ಹಡಗು ಹತ್ತಿ ದಾಖಲೆ ತಲುಪಿದ ಮೇಲೆ ಖರೀದಿದಾರ ದುಡ್ಡನ್ನು ನೇರ ನಮಗೆ ಕಳಿಸುತ್ತಾನೆ. ನಾವು ಅಸಲು, ಬಡ್ಡಿ ಹಿಡಿದುಕೊಂಡು ಉಳಿದದ್ದನ್ನು ಸಂಘದ ಖಾತೆಗೆ ಹಾಕುತ್ತೇವೆ. ಸಣ್ಣ ಬೆಳೆಗಾರರಿಗೆ ಕನಿಷ್ಠ ಬೆಲೆ ಖಾತ್ರಿ ಮಾಡುವ ಫೇರ್‌ಟ್ರೇಡ್ ಪ್ರಮಾಣೀಕರಣದ ನಿಯಮದ ಪ್ರಕಾರ ಸಂಘ ಕೇಳಿದರೆ ಖರೀದಿದಾರ ಒಪ್ಪಂದದ ಮೊತ್ತದ ಶೇ. 60ರವರೆಗೆ ಮುಂಗಡ ಒದಗಿಸಬೇಕು. ಸಣ್ಣ ರೋಸ್ಟರ್‌ಗಳ ಕೈಯಲ್ಲಿ ಅಷ್ಟು ಹಣ ಇರುವುದಿಲ್ಲ, ಅವರು ನಮ್ಮಂಥವರ ಕಡೆ ಕೈ ತೋರಿಸುತ್ತಾರೆ. ನಾನೂ ಸಾಮಾನ್ಯವಾಗಿ ಶೇ. 60ಕ್ಕೇ ನಿಲ್ಲುತ್ತೇನೆ. ಏಕೆ ಎನ್ನುವುದಕ್ಕೆ ಒಂದು ಕಂಟೇನರ್ ಲೆಕ್ಕ ಹಾಕಿ ನೋಡಿ.

ಒಂದು ಕಂಟೇನರ್ ಎಂದರೆ 60 ಕಿಲೋ ತೂಕದ 320 ಚೀಲ, 19,200 ಕಿಲೋ ಹಸಿರು ಬೀಜ, ಅಂದರೆ ಒಳಸಿಪ್ಪೆ ತೆಗೆದ, ಇನ್ನೂ ಹುರಿಯದ ಕಾಫಿ. ಅಷ್ಟಾಗಲು ಸುಮಾರು 24 ಟನ್ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ, ಒಳಸಿಪ್ಪೆ ಇನ್ನೂ ಇರುವ ಬೀಜ) ಬೇಕು, ಅದಕ್ಕೆ 120ರಿಂದ 125 ಟನ್ ಹಣ್ಣು ಬೇಕು. 2024ರ ಹಂಗಾಮಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ದರ ಕಿಲೋ ಹಣ್ಣಿಗೆ 480 ರುವಾಂಡಾ ಫ್ರಾಂಕ್. 125 ಟನ್ನಿಗೆ 6 ಕೋಟಿ ಫ್ರಾಂಕ್. ಡಾಲರಿಗೆ 1,300 ಫ್ರಾಂಕ್‌ನ ಆಸುಪಾಸು ಇದ್ದ ಕಾಲಕ್ಕೆ ಅದು ಸುಮಾರು 46,000 ಡಾಲರ್. ಇನ್ನು ಮಾರಾಟದ ಕಡೆ ನೋಡಿದರೆ, ತೊಳೆದ ಅರೇಬಿಕಾಕ್ಕೆ 2023ರ ಆಗಸ್ಟ್‌ನಿಂದ ಫೇರ್‌ಟ್ರೇಡ್ ಕನಿಷ್ಠ ಬೆಲೆ ಪೌಂಡಿಗೆ 1.80 ಡಾಲರ್. ಕಂಟೇನರಿನಲ್ಲಿ 42,300 ಪೌಂಡ್ ಹಿಡಿದರೆ 76,000 ಡಾಲರ್ ಚಿಲ್ಲರೆ. ಅದರ ಶೇ. 60 ಎಂದರೆ ಹತ್ತಿರ ಹತ್ತಿರ 46,000. ಹಣ್ಣಿನ ಖರ್ಚಿಗೂ ಸಾಲಕ್ಕೂ ಸರಿಹೋಯಿತು. ಕೂಲಿ, ಒಳಸಿಪ್ಪೆ ತೆಗೆಯುವ ಕಿಗಾಲಿಯ ಡ್ರೈ ಮಿಲ್ಲಿನ ಖರ್ಚು, ಚೀಲ, ಲಾರಿ ಇವಕ್ಕೆ ಸಂಘ ತನ್ನ ಕೈಯಿಂದ ಹಾಕಬೇಕು. ಹಾಕಲು ಏನಾದರೂ ಇದೆಯೇ ಎಂದು ನಾನು ಜನವರಿಯಲ್ಲೇ ಕೇಳುತ್ತೇನೆ. ಇಲ್ಲವೆಂದಾದರೆ ಎರಡು ಕಂಟೇನರ್ ಬದಲು ಒಂದಕ್ಕೆ ಒಪ್ಪಂದ ಮಾಡಿಕೊಳ್ಳಿ ಎನ್ನುತ್ತೇನೆ. ಈ ಮಾತು ಆಡಳಿತ ಮಂಡಳಿಗೆ ಹಿಡಿಸುವುದಿಲ್ಲ, ಆದರೂ ಹೇಳಲೇಬೇಕು.

ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವೆಂದರೆ, ಸಾಲ ಎಷ್ಟು ಎನ್ನುವುದಕ್ಕಿಂತ ಯಾವ ದಿನ ತಲುಪಿತು ಎನ್ನುವುದೇ ಸಂಘವನ್ನು ಉಳಿಸುತ್ತದೆ ಅಥವಾ ಮುಳುಗಿಸುತ್ತದೆ. ಕುಯ್ಲು ಮಾರ್ಚ್‌ನಲ್ಲಿ ಶುರುವಾಗಿ ಜೂನ್ ಹೊತ್ತಿಗೆ ಇಳಿಯುತ್ತದೆ. ಮಾರ್ಚ್ ಮೊದಲ ವಾರ ಸಂಘದ ಪೆಟ್ಟಿಗೆ ಖಾಲಿ ಇದ್ದರೆ, ಗುಡ್ಡದ ಬುಡದಲ್ಲಿ ನೋಟಿನ ಕಟ್ಟು ಹಿಡಿದು ಮಧ್ಯವರ್ತಿಗಳು ನಿಂತಿರುತ್ತಾರೆ. ಅಲ್ಲಿಯವರು ಅವರನ್ನು ಅಬಮಾಮ್ಯಿ ಎನ್ನುತ್ತಾರೆ. ಒಮ್ಮೆ ಅವರಿಗೆ ಹಣ್ಣು ಕೊಟ್ಟ ರೈತ ಆ ಹಂಗಾಮಿನಲ್ಲಿ ಸಂಘದ ಕಡೆ ತಿರುಗುವುದು ಕಷ್ಟ. ಆಮೇಲೆ ಮೇ ತಿಂಗಳಲ್ಲಿ ಸಾಲ ಬಂದರೂ ಕೊಳ್ಳಲು ಹಣ್ಣಿಲ್ಲ, ಒಪ್ಪಂದ ತುಂಬುವುದಿಲ್ಲ, ಸ್ಟೇಷನ್ನಿನ ನಿರ್ವಹಣೆಯ ಖರ್ಚೆಲ್ಲ ಸ್ವಲ್ಪವೇ ಕಾಫಿಯ ಮೇಲೆ ಬಂದು ಬೀಳುತ್ತದೆ. ತಡವಾಗಿ ಬಂದ ಸಾಲ ಬರದೇ ಇರುವ ಸಾಲಕ್ಕಿಂತ ಕೆಟ್ಟದ್ದು, ಏಕೆಂದರೆ ಬಡ್ಡಿ ಕಟ್ಟಲೇಬೇಕಲ್ಲ.

ಆದ್ದರಿಂದ ನನ್ನ ವರ್ಷದ ಲೆಕ್ಕ ಮಾರ್ಚ್‌ನಿಂದ ಹಿಂದಕ್ಕೆ ಸಾಗುತ್ತದೆ. ಫೆಬ್ರವರಿ ಕೊನೆಗೆ ಮೊದಲ ಕಂತು ಸಂಘದ ಖಾತೆಯಲ್ಲಿರಬೇಕು. ಅದಕ್ಕೆ ಜನವರಿಯಲ್ಲಿ ಮಂಜೂರಾಗಬೇಕು, ಡಿಸೆಂಬರಿನಲ್ಲಿ ಸರ್ವ ಸದಸ್ಯರ ಸಭೆಯ ಸಾಲ ನಿರ್ಣಯ ಕೈಯಲ್ಲಿರಬೇಕು, ಅಕ್ಟೋಬರಿನಲ್ಲೇ ನಾನು ಸ್ಟೇಷನ್ನಿಗೆ ಹೋಗಿ ಲೆಕ್ಕ ನೋಡಿರಬೇಕು. ಏಪ್ರಿಲ್ 7ರಿಂದ ಕ್ವಿಬುಕಾ, ನರಮೇಧದ ಸ್ಮರಣೆಯ ವಾರ. ದೇಶವೇ ಶೋಕದಲ್ಲಿರುವ ದಿನಗಳವು. ಆ ವಾರ ಕಾಗದಪತ್ರಕ್ಕೆ ಯಾರನ್ನೂ ಅಲೆಸಬಾರದು, ಹಣ್ಣು ಮಾತ್ರ ಆ ವಾರವೂ ಬರುತ್ತಿರುತ್ತದೆ. ಹಾಗಾಗಿ ಎರಡನೆಯ ಕಂತಿನ ಸಹಿಗಳನ್ನು ಮಾರ್ಚ್‌ನಲ್ಲೇ ಹಾಕಿಸಿಟ್ಟಿರುತ್ತೇನೆ. ಯುರೋಪಿನ ಕಚೇರಿಯಲ್ಲಿರುವ ಸಹೋದ್ಯೋಗಿಗಳಿಗೆ ಇದನ್ನು ಪ್ರತಿ ವರ್ಷ ಮತ್ತೆ ವಿವರಿಸುತ್ತೇನೆ, ಬೇಸರಿಸದೆ.

ಮೊದಲ ಕಂತು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡುವುದಿಲ್ಲ. ಉಳಿದದ್ದು ವಾರದ ವರದಿ ನೋಡಿಕೊಂಡು. ಆ ವರದಿಯಲ್ಲಿ ನನ್ನ ಕಣ್ಣು ಹೋಗುವುದು ಎರಡು ಕಡೆ. ಒಂದು, ಎಷ್ಟು ಕಿಲೋ ಹಣ್ಣಿಗೆ ಒಂದು ಕಿಲೋ ಪಾರ್ಚ್‌ಮೆಂಟ್ ಬಂತು ಎನ್ನುವ ಔಟ್‌ಟರ್ನ್. ಐದರ ಹತ್ತಿರ ಇದ್ದರೆ ಸರಿ. ಐದೂವರೆ ದಾಟಿದರೆ ಎಲ್ಲೋ ಹಸಿರುಕಾಯಿ ಅಥವಾ ತೇಲುಕಾಯಿ (ನೀರಿನಲ್ಲಿ ತೇಲುವ ಜೊಳ್ಳು) ತೂಕಕ್ಕೆ ಹೋಗುತ್ತಿದೆ, ಇಲ್ಲವೇ ಬಾರದೇ ಇರುವ ಹಣ್ಣಿಗೆ ರಸೀದಿ ಹರಿಯುತ್ತಿದೆ. ಎರಡನೆಯದು ದಾಸ್ತಾನು. ಸಾಲದ ದುಡ್ಡು ಒಂದೋ ಪೆಟ್ಟಿಗೆಯಲ್ಲಿರಬೇಕು, ಇಲ್ಲವೇ ಒಣಗಿಸುವ ಮೇಜಿನ ಮೇಲೋ ಗೋದಾಮಿನಲ್ಲೋ ಕಾಫಿಯಾಗಿ ಕಾಣಬೇಕು. ಎರಡನ್ನೂ ಕೂಡಿದಾಗ ಕೊಟ್ಟ ಮೊತ್ತಕ್ಕೆ ಹತ್ತಿರ ಬರದಿದ್ದರೆ ಫೋನಿನಲ್ಲಿ ಕೇಳುವುದಿಲ್ಲ, ಹೊರಟು ಹೋಗುತ್ತೇನೆ. ರೈತರಿಗೆ ಹಣ ಮೊಬೈಲ್ ಮನಿ ಮೂಲಕವೋ ಊರಿನ ಉಮುರೆಂಗೆ ಸಾಕೋ (ಸ್ಥಳೀಯ ಉಳಿತಾಯ ಮತ್ತು ಸಾಲದ ಸಹಕಾರ ಸಂಘ) ಖಾತೆಗೋ ಹೋಗುವ ಸಂಘಗಳಲ್ಲಿ ಈ ತಾಳೆ ಬಹಳ ಸುಲಭ. ನಗದು ಪುಸ್ತಕವನ್ನು ಮಾತ್ರ ನಂಬಿದ ಕಡೆ ಲೆಕ್ಕಿಗನ ಕೈಬರಹದ ಮೇಲೇ ಎಲ್ಲವೂ ನಿಂತಿರುತ್ತದೆ.

ನಡುಹಂಗಾಮಿನಲ್ಲಿ ಮಧ್ಯವರ್ತಿಗಳು ದರ ಏರಿಸುತ್ತಾರೆ. ಅದು ಎಲ್ಲರ ಎದೆ ನಡುಗಿಸುವ ಹೊತ್ತು. ಕಿವು ದಂಡೆಯ ಒಂದು ಸಂಘದಲ್ಲಿ ಸದಸ್ಯರು ನಾವೂ ಕಿಲೋಗೆ 30 ಫ್ರಾಂಕ್ ಹೆಚ್ಚಿಸೋಣ ಎಂದು ಪಟ್ಟು ಹಿಡಿದಿದ್ದರು. ಸಂಘ ಹಣ್ಣು ತೂಗಿದಾಗ ಒಮ್ಮೆ ಹಣ ಕೊಡುತ್ತದೆ, ಕಾಫಿ ಮಾರಿದ ಮೇಲೆ ಉಳಿದದ್ದರಲ್ಲಿ ಇನ್ನೊಮ್ಮೆ. ಅದೇ ಎರಡನೇ ಪಾವತಿ. ಅಧ್ಯಕ್ಷೆ ವಯಸ್ಸಾದ ಹೆಂಗಸು, ಓದಿದ್ದು ಕಡಿಮೆ. ಆಕೆ ಎದ್ದು ನಿಂತು, “ಏರಿಸೋಣ. ಆದರೆ ಆ 30 ಫ್ರಾಂಕ್ ಸೆಪ್ಟೆಂಬರಿನ ಎರಡನೇ ಪಾವತಿಯಿಂದಲೇ ಹೋಗುತ್ತದೆ. ಮಕ್ಕಳ ಶಾಲೆಯ ಫೀಸಿಗೆ ಆಗ ನನ್ನ ಮನೆ ಬಾಗಿಲಿಗೆ ಬರಬೇಡಿ” ಅಂದರು. ಕೊನೆಗೆ 15ಕ್ಕೆ ಒಪ್ಪಿದರು. ಆ ಸಂಘದ ಸಾಲ ನನಗೆ ಒಂದು ದಿನವೂ ಸುಸ್ತಿಯಾಗಿಲ್ಲ. ಎರಡನೇ ಪಾವತಿಯನ್ನು ಪ್ರತಿ ವರ್ಷ ತಪ್ಪದೆ ಕೊಟ್ಟ ಸಂಘಕ್ಕೆ ಮಾತ್ರ ಇಂಥ ಮಾತಾಡುವ ಶಕ್ತಿ ಬರುತ್ತದೆ. ಅದಕ್ಕೇ ನಾನು ಸಾಲ ಕೊಡುವ ಮುನ್ನ ಲಾಭ ನಷ್ಟದ ಪಟ್ಟಿಗಿಂತ ಮೊದಲು ಕೇಳುವುದು ಕಳೆದ ಮೂರು ವರ್ಷದ ಎರಡನೇ ಪಾವತಿಯ ಹಂಚಿಕೆ ಪಟ್ಟಿಯನ್ನು.

ಫೇರ್‌ಟ್ರೇಡ್ ಖರೀದಿದಾರ ಬೆಲೆಯ ಮೇಲೆ ಹೆಚ್ಚುವರಿಯಾಗಿ ಕೊಡುವ ಪ್ರೀಮಿಯಂ ಬಗ್ಗೆ ಹೊರಗಿನವರಿಗೆ ಬಹಳ ಕಲ್ಪನೆಗಳಿವೆ. ಪೌಂಡಿಗೆ 20 ಸೆಂಟ್, ಒಂದು ಕಂಟೇನರಿಗೆ ಸುಮಾರು 8,460 ಡಾಲರ್. ಅದರಲ್ಲಿ ಕಾಲು ಭಾಗ, ಅಂದರೆ 5 ಸೆಂಟ್, ಗುಣಮಟ್ಟ ಮತ್ತು ಇಳುವರಿಗೇ ಹೋಗಬೇಕು. ಕಿವು ಕಡೆ ಅದು ಹೋಗಬೇಕಾದದ್ದು ಗಿಡದ ಚಿಗುರು ಸವರುವುದಕ್ಕೆ, ಆಂಟೆಸ್ಟಿಯಾ ತಿಗಣೆ ತಡೆಯುವುದಕ್ಕೆ. ಆ ತಿಗಣೆ ಕಚ್ಚಿದ ಹಣ್ಣಿನ ಬೀಜ ಒಂದೇ ಒಂದು ಸೇರಿದರೂ ಕಾಫಿಯ ಲೋಟದಲ್ಲಿ ಹಸಿ ಆಲೂಗಡ್ಡೆಯ ವಾಸನೆ ಬರುತ್ತದೆ. ಇಡೀ ಲಾಟ್ (ಒಟ್ಟಿಗೆ ಮಾರುವ ರಾಶಿ) ತಿರಸ್ಕೃತವಾಗಬಹುದು, ಆಗ ನನ್ನ ಒತ್ತೆಯೂ ಹೋದಂತೆ. ಸಿಪ್ಪೆಯನ್ನು ಗೊಬ್ಬರ ಮಾಡಿದಿರಾ, ತೊಳೆದ ನೀರು ಸರೋವರಕ್ಕೆ ಹರಿಯದಂತೆ ಗುಂಡಿ ಇದೆಯಾ ಎಂದು ನಾನು ಕೇಳುವುದೂ ಈ ಕಾರಣಕ್ಕೇ. ಗಿಡ, ಮಣ್ಣು, ನೀರು ಕೆಟ್ಟರೆ ಮುಂದಿನ ವರ್ಷ ಒತ್ತೆ ಇಡಲು ಏನೂ ಇರುವುದಿಲ್ಲ.

ಸಂಘ ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೈಮೀರುವ ಸಂಗತಿಗಳಿವೆ. ಸಮುದ್ರವಿಲ್ಲದ ದೇಶ, ಕಾಫಿ ಲಾರಿಯಲ್ಲಿ ಸುಮಾರು 1,500 ಕಿ.ಮೀ. ಸಾಗಿ ದಾರ್ ಎಸ್ ಸಲಾಮ್ ಸೇರಬೇಕು, ಇಲ್ಲವೇ ಇನ್ನೂ ದೂರದ ಮೊಂಬಾಸಾ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾಗಿ, ಯುರೋಪಿಗೆ ಹೋಗುವ ಹಡಗುಗಳು ಗುಡ್ ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು. ವಾರಗಟ್ಟಲೆ ತಡ, ಬಂದರಿನಲ್ಲಿ ಖಾಲಿ ಕಂಟೇನರಿಗೂ ಕಾಯಬೇಕು. ಆ ವಾರಗಳ ಬಡ್ಡಿ ರೈತರ ಎರಡನೇ ಪಾವತಿಯಿಂದಲೇ ಹೋಗುತ್ತದೆ. 2024ರಿಂದ ನಾನು ಮರುಪಾವತಿಯ ದಿನಾಂಕವನ್ನು ಒಂದು ತಿಂಗಳು ಹಿಗ್ಗಿಸಿಯೇ ಕರಾರು ಬರೆಯುತ್ತೇನೆ.

ಇನ್ನೊಂದು, ಬೆಲೆ. 2019ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆ ಪೌಂಡಿಗೆ 1 ಡಾಲರಿಗಿಂತ ಕೆಳಗಿಳಿದಾಗ ಫೇರ್‌ಟ್ರೇಡ್ ಕನಿಷ್ಠ ಬೆಲೆಯೇ ನನ್ನ ಸಂಘಗಳನ್ನು ಕಾಪಾಡಿತು. 2025ರ ಫೆಬ್ರವರಿಯಲ್ಲಿ ಅದೇ ಬೆಲೆ 4 ಡಾಲರ್ ದಾಟಿತು. ರೈತರಿಗೆ ಸಂತೋಷದ ಸುದ್ದಿ, ನನಗೂ ಹೌದು. ಆದರೆ ಹಣ್ಣಿನ ಕನಿಷ್ಠ ದರ 600 ಫ್ರಾಂಕ್‌ಗೆ ಏರಿತು, ಗುಡ್ಡದ ಮೇಲಿನ ದರ ಅದಕ್ಕೂ ಮೇಲೆ. ಅದೇ ಒಂದು ಕಂಟೇನರ್ ತುಂಬಲು ಮೊದಲಿಗಿಂತ ಬಹಳ ಹೆಚ್ಚು ಸಾಲ ಬೇಕಾಯಿತು, ಸಾಲದ ಮಿತಿ ಮಾತ್ರ ಹಳೆಯದೇ. ಬೆಲೆಯನ್ನು ಆಮೇಲೆ ಮಾರುಕಟ್ಟೆ ನೋಡಿ ನಿಗದಿ ಮಾಡುವ ಒಪ್ಪಂದ ಹಿಡಿದು ಹಣ್ಣು ಕೊಳ್ಳುವುದು ಇಂಥ ವರ್ಷ ಬಹಳ ಅಪಾಯ. ಒಂದು ಲಾಟಿಗೆ ಬೇಕಾದಷ್ಟು ಪಾರ್ಚ್‌ಮೆಂಟ್ ಸೇರಿದ ಕೂಡಲೇ ಆ ಲಾಟಿನ ಬೆಲೆ ನಿಗದಿ ಮಾಡಿಸಿ, ಇನ್ನೂ ಏರುತ್ತದೆಂದು ಕಾಯಬೇಡಿ ಎಂದು ನಾನು ಎಲ್ಲ ಕಾರ್ಯದರ್ಶಿಗಳಿಗೂ ಹೇಳಿದೆ. ನಮ್ಮ ಕಡೆಯಿಂದ ಕಂತುಗಳನ್ನು ಚಿಕ್ಕದು ಮಾಡಿ ಬೇಗ ಬೇಗ ತಿರುಗಿಸಿದೆವು. ಮೊದಲ ಲಾಟ್ ಹೊರಟು ಹಣ ಬಂದ ಕೂಡಲೇ ಅದೇ ಹಣ ಮುಂದಿನ ಹಣ್ಣಿಗೆ.

ಇಷ್ಟೆಲ್ಲ ಕೆಲಸ 50,000 ಡಾಲರ್ ಸಾಲಕ್ಕೂ ಬೇಕು, 10 ಲಕ್ಷ ಡಾಲರ್ ಸಾಲಕ್ಕೂ ಬೇಕು. ಸಣ್ಣ ಸಾಲದ ಬಡ್ಡಿಯಿಂದ ಅದರ ಖರ್ಚೂ ಹುಟ್ಟುವುದಿಲ್ಲ, ಅದಕ್ಕೇ ಸಾಲಸಂಸ್ಥೆಗಳು ಮೆಲ್ಲನೆ ದೊಡ್ಡ ಸಂಘಗಳ ಕಡೆ ಸರಿಯುತ್ತವೆ. 2020ರಲ್ಲಿ ಶುರುವಾದ ಅಸೆಲಿ ಆಫ್ರಿಕಾ ಎಂಬ ಸಂಸ್ಥೆ ಸಣ್ಣ ಕೃಷಿ ಸಾಲ ಕೊಟ್ಟವರಿಗೆ ಪ್ರೋತ್ಸಾಹಧನ ಕೊಟ್ಟು ಈ ಕಂದಕವನ್ನು ಸ್ವಲ್ಪ ತುಂಬಿದೆ. ಯುರೋಪಿನ ಅರಣ್ಯನಾಶ ತಡೆ ನಿಯಮದ ಖರ್ಚು ಈಗ ಅದರ ಮೇಲೆ ಬಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಪ್ರತಿ ತುಂಡು ತೋಟದ ಜಿಪಿಎಸ್ ಗುರುತು ಬೇಕು. ಜಾರಿಯ ದಿನಾಂಕ ಮುಂದೆ ಹೋದರೂ ಖರೀದಿದಾರರು ಆಗಲೇ ಕೇಳತೊಡಗಿದ್ದರು. ಕಾಡನ್ನು ಮುಟ್ಟದೆ ತಲೆಮಾರುಗಳಿಂದ ಅದೇ ಗುಡ್ಡದಲ್ಲಿ ಬೆಳೆದವರು ತಮ್ಮ ಖರ್ಚಿನಲ್ಲಿ ಅದನ್ನು ಸಾಬೀತು ಮಾಡಬೇಕಾಗಿರುವುದು ನ್ಯಾಯವಲ್ಲ ಎಂದೇ ನನ್ನ ಭಾವನೆ. ಸಮೀಕ್ಷೆಗೆ ಹೋಗುವ ಯುವಕರ ಭತ್ಯೆಯನ್ನು ಸಾಲದ ಬಜೆಟ್ಟಿನಲ್ಲಿ ಸೇರಿಸಲು ನಮ್ಮ ಸಮಿತಿಯನ್ನು ಒಪ್ಪಿಸಿದ್ದೇನೆ.

ಈಗ ನಾನು ಬೆನ್ನು ಹತ್ತಿರುವುದು ಹಳೆಯ ಗಿಡಗಳನ್ನು. ಮುಪ್ಪಾದ ಗಿಡಗಳನ್ನು ಮೊಟಕು ಮಾಡಿದರೆ ಮತ್ತೆ ಚೆನ್ನಾಗಿ ಬಿಡುತ್ತವೆ, ಆದರೆ ಸುಮಾರು ಎರಡು ವರ್ಷ ಫಸಲಿಲ್ಲ. ಆ ಎರಡು ವರ್ಷಕ್ಕೆ ಒಂದೇ ಹಂಗಾಮಿನ ಸಾಲ ಸಾಲದು. ನಾಲ್ಕೈದು ವರ್ಷದ ಅವಧಿಯದು ಬೇಕು, ಅದಕ್ಕೆ ಅಷ್ಟು ವರ್ಷದ ಖರೀದಿ ಒಪ್ಪಂದ ಬರೆದುಕೊಡುವ ರೋಸ್ಟರ್ ಬೇಕು. ನಾನು ಕೇಳಿದವರಲ್ಲಿ ಹೆಚ್ಚಿನವರು ಒಂದು ವರ್ಷಕ್ಕಿಂತ ಮುಂದಕ್ಕೆ ಸಹಿ ಹಾಕಲು ಹಿಂಜರಿದರು. ಇಬ್ಬರು ಮೂರು ವರ್ಷಕ್ಕೆ ಒಪ್ಪಿದ್ದಾರೆ. ಅವರ ಒಪ್ಪಂದದ ಬಲದ ಮೇಲೆ ಕಿವು ದಂಡೆಯ ಎರಡು ಸಂಘಗಳಲ್ಲಿ ಪ್ರತಿ ಸದಸ್ಯರ ತೋಟದ ಕಾಲು ಭಾಗವನ್ನು ಈ ಕುಯ್ಲು ಮುಗಿದ ಮೇಲೆ ಮೊಟಕು ಮಾಡಿಸುವ ಯೋಜನೆ ಈಗ ನಮ್ಮ ಸಾಲ ಸಮಿತಿಯ ಮುಂದಿದೆ.