ಮೌಂಟ್ ಇಲ್ಲದೆ ಫೋಟೋಗೆ ಫ್ರೇಮ್ ಹಾಕುವುದು ಹೇಗೆ?

ಅಜ್ಜಿಯ ಹಳೇ ಫೋಟೋವೊಂದನ್ನು ಹೊಸ ಫ್ರೇಮಿಗೆ ಹಾಕೋಣ ಅಂತ ಹಿಂದಿನ ರಟ್ಟು ಬಿಚ್ಚಿದ್ದೆ. ರಟ್ಟು ಬಂತು, ಫೋಟೋ ಬರಲಿಲ್ಲ. ಗಾಜಿಗೆ ಅಂಟಿಕೊಂಡಿತ್ತು. ಒಂದು ಮೂಲೆಯನ್ನು ಉಗುರಿನಿಂದ ಮೆಲ್ಲಗೆ ಎತ್ತಿದೆ. ಕಾಗದ ಎದ್ದಿತು, ಆದರೆ ಅಜ್ಜಿಯ ಭುಜದ ಒಂದು ಚೂರು ಗಾಜಿನ ಮೇಲೇ ಉಳಿಯಿತು. ಕಾಗದದಲ್ಲಿ ಆ ಜಾಗ ಬೆಳ್ಳಗೆ ಕಾಣುತ್ತಿತ್ತು. ಅಲ್ಲಿಗೇ ಕೈ ಬಿಟ್ಟೆ.

ಆ ಫ್ರೇಮಿನಲ್ಲಿ ಮೌಂಟ್ ಇರಲಿಲ್ಲ. ಫೋಟೋ ಸುತ್ತ ಕಿಟಕಿಯ ಹಾಗೆ ಕತ್ತರಿಸಿ ಇಡುವ ದಪ್ಪ ರಟ್ಟು ಇದೆಯಲ್ಲ, ಅದೇ ಮೌಂಟ್. ಅದನ್ನು ಅಂದಕ್ಕೆ ಇಡುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಂದ ಹೌದು, ಆದರೆ ಅದು ಇನ್ನೂ ದೊಡ್ಡ ಕೆಲಸವೊಂದನ್ನು ಮಾಡುತ್ತದೆ. ಸುಮಾರು ಒಂದೂವರೆ ಮಿ.ಮೀ. ದಪ್ಪದ ಆ ರಟ್ಟು ಗಾಜನ್ನು ಫೋಟೋದಿಂದ ದೂರ ಇಡುತ್ತದೆ. ಲ್ಯಾಬ್‌ನಲ್ಲಿ ತೊಳೆದು ಮಾಡಿದ ಫೋಟೋದ ಮೇಲ್ಪದರ ಜೆಲಾಟಿನ್‌ನದು. ತೇವ ಹೀರಿದರೆ ಅದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಗಾಜು ತಾಗುತ್ತಿದ್ದರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಅಂಟಿಕೊಳ್ಳದೇ ಹೋದರೂ ತಾಗಿದ ಕಡೆಯೆಲ್ಲ ಮಿರುಗುವ ಕಲೆ ಬೀಳುತ್ತದೆ. ಇಂಕ್‌ಜೆಟ್ ಪ್ರಿಂಟಿಗೂ ಗಾಜು ತಾಗುವುದು ಒಳ್ಳೆಯದಲ್ಲ.

ಹಾಗಂತ ಎಲ್ಲ ಫೋಟೋಗೂ ಮೌಂಟ್ ಬೇಕು ಅಂತ ನಾನು ಹೇಳುತ್ತಿಲ್ಲ. ದೊಡ್ಡ ಆಕಾಶ, ಸಮುದ್ರ, ಕಾಡಿನ ಫೋಟೋಗಳು ಫ್ರೇಮಿನ ಅಂಚಿನವರೆಗೂ ತುಂಬಿಕೊಂಡಿದ್ದರೇನೇ ಚೆಂದ. ನನಗಂತೂ ಹಾಗೇ ಇಷ್ಟ. ಮೌಂಟ್ ಬೇಡ ಅಂದರೆ ಬೇಡ, ಆದರೆ ಅದು ಮಾಡುತ್ತಿದ್ದ ಕೆಲಸವನ್ನು ಬೇರೊಂದು ವಸ್ತು ಮಾಡಲೇಬೇಕು. ಆ ವಸ್ತುವೇ ಸ್ಪೇಸರ್. ಗಾಜಿಗೂ ಪ್ರಿಂಟಿಗೂ ನಡುವೆ, ಫ್ರೇಮಿನ ಅಂಚಿನಡಿ ಅಡಗಿ ಕೂರುವ ತೆಳು ಪಟ್ಟಿ ಅದು.

ಮೊದಲು ಪ್ರಿಂಟ್ ಹೇಗಿರಬೇಕು ಅಂತ ತೀರ್ಮಾನಿಸಿ

ಫ್ರೇಮನ್ನು ಬೋರಲು ಹಾಕಿ ನೋಡಿ. ಒಳಗಡೆ ಗಾಜು ಕೂರುವ ತೋಡು ಇರುತ್ತದೆ. ಮುಂದಿನಿಂದ ಗಾಜನ್ನು ಹಿಡಿದು ನಿಲ್ಲಿಸುವ ಸಣ್ಣ ಅಂಚಿಗೆ ಇಲ್ಲಿ ತುಟಿ ಅನ್ನುತ್ತೇನೆ. ಈ ತುಟಿ ಸಾಮಾನ್ಯವಾಗಿ 5-6 ಮಿ.ಮೀ. ಅಗಲ ಇರುತ್ತದೆ. ಅಂದರೆ ಚಿತ್ರ ಕಾಗದದ ಕೊನೆಯವರೆಗೂ ಇದ್ದರೆ ನಾಲ್ಕೂ ಕಡೆ ಅಷ್ಟಷ್ಟು ಚಿತ್ರ ಮುಚ್ಚಿಹೋಗುತ್ತದೆ. ಅಂಚಿನಲ್ಲೇ ಯಾರದಾದರೂ ಬೆರಳೋ ಕಾಲೋ ಇದ್ದರೆ ಅದು ಅರ್ಧ ಕತ್ತರಿಸಿದ ಹಾಗೆ ಕಾಣುತ್ತದೆ.

ಅದಕ್ಕೇ ಪ್ರಿಂಟ್ ಹಾಕಿಸುವ ಮೊದಲೇ ಯೋಚಿಸಬೇಕು. ಎರಡು ದಾರಿ ಇವೆ. ಚಿತ್ರ ಫ್ರೇಮಿಗೆ ತಾಗಿಯೇ ಇರಬೇಕು ಅಂದರೆ ಪ್ರತಿ ಬದಿಯಲ್ಲೂ ತುಟಿಯ ಅಗಲದಷ್ಟು ಚಿತ್ರವನ್ನು ಜಾಸ್ತಿ ಇಟ್ಟು ಪ್ರಿಂಟ್ ಮಾಡಿಸಿ. ಇಲ್ಲವಾದರೆ ದೊಡ್ಡ ಕಾಗದದ ನಡುವೆ ಚಿತ್ರವನ್ನು ಚಿಕ್ಕದಾಗಿ ಪ್ರಿಂಟ್ ಮಾಡಿಸಿ, ಸುತ್ತ ಬಿಳಿ ಜಾಗ ಬಿಡಿ. 12x18 ಇಂಚಿನ ಕಾಗದದ ನಡುವೆ 8x12 ಇಂಚಿನ ಚಿತ್ರ ಇಟ್ಟರೆ ಎರಡು ಬದಿಯಲ್ಲಿ 2 ಇಂಚು, ಉಳಿದೆರಡು ಬದಿಯಲ್ಲಿ 3 ಇಂಚು ಬಿಳಿ ಸಿಗುತ್ತದೆ. ಕಾಗದವೇ ಮೌಂಟಿನ ಹಾಗೆ ಕಾಣುತ್ತದೆ, ಚಿತ್ರ ಒಂದು ಕೂದಲೆಳೆಯಷ್ಟೂ ಮುಚ್ಚಿಹೋಗುವುದಿಲ್ಲ, ಮುಟ್ಟುವಾಗ ಹಿಡಿಯಲು ಜಾಗವೂ ಇರುತ್ತದೆ. ಮೊದಲ ಸಲ ಮಾಡುವವರು ಇದನ್ನೇ ಆರಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ.

ಇಂಕ್‌ಜೆಟ್ ಪ್ರಿಂಟ್ ಕೈಗೆ ಬಂದ ತಕ್ಷಣ ಫ್ರೇಮಿಗೆ ಹಾಕಬೇಡಿ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಆದರೆ ಇಂಕಿನಲ್ಲಿರುವ ದ್ರಾವಕ ಇನ್ನೂ ನಿಧಾನವಾಗಿ ಆವಿಯಾಗುತ್ತಲೇ ಇರುತ್ತದೆ. ಅವಸರ ಮಾಡಿದರೆ ಕೆಲವು ದಿನದಲ್ಲಿ ಗಾಜಿನ ಒಳಬದಿಗೆ ಮಂಜು ಕವಿದ ಹಾಗೆ ಪದರ ಕಟ್ಟುತ್ತದೆ. ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಆಮೇಲೆ ಮೇಲೊಂದು ಬಿಳಿ ಖಾಲಿ ಹಾಳೆ ಹಾಸಿ ಕನಿಷ್ಠ 24 ಗಂಟೆ ಬಿಡಿ. ಹಾಳೆ ಅಲೆಯಲೆಯಾಗಿ ಎದ್ದಿದ್ದರೆ ಆವಿ ಹೀರಿದೆ ಅಂತ ಅರ್ಥ, ಹೊಸದು ಹಾಕಿ ಇನ್ನೊಂದು ದಿನ ಇಡಿ. ಹೊಳಪಿನ ಕಾಗದಕ್ಕೆ ಇನ್ನೂ ಜಾಸ್ತಿ ಸಮಯ ಬೇಕಾಗುತ್ತದೆ.

ಫ್ರೇಮಿನ ಆಳ ಅಳೆಯಿರಿ

ಹೆಚ್ಚಿನವರು ಉದ್ದ, ಅಗಲ ನೋಡುತ್ತಾರೆ, ಆಳ ನೋಡುವುದಿಲ್ಲ. ಕೊನೆಗೆ ಎಲ್ಲ ಜೋಡಿಸಿದ ಮೇಲೆ ಹಿಂದಿನ ರಟ್ಟು ಫ್ರೇಮಿನಿಂದ ಹೊರಗೆ ಚಾಚಿಕೊಂಡು ನಿಲ್ಲುತ್ತದೆ. ಲೆಕ್ಕ ಸುಲಭ. ಗಾಜು 2 ಮಿ.ಮೀ., ಸ್ಪೇಸರ್ 5, ಪ್ರಿಂಟ್ ಮತ್ತು ಅದರ ಹಿಂದಿನ ಬೋರ್ಡ್ ಸೇರಿ 2, ಕೊನೆಯಲ್ಲಿ ಫೋಮ್ ಬೋರ್ಡ್ (ನಡುವೆ ಫೋಮ್ ಇರುವ ಹಗುರವಾದ ರಟ್ಟು) 5. ಒಟ್ಟು 14. ಮೊಳೆ ಕೂರಲು ಇನ್ನೊಂದು 3 ಮಿ.ಮೀ. ಬಿಟ್ಟರೆ 17 ಮಿ.ಮೀ. ಆಳದ ತೋಡು ಬೇಕು. ಮಾಮೂಲಿ ತೆಳು ಫ್ರೇಮುಗಳಲ್ಲಿ ಇಷ್ಟು ಆಳ ಇರುವುದಿಲ್ಲ. ಸಿಗದಿದ್ದರೆ ಫ್ರೇಮಿನ ಹಿಂದೆ ಸುತ್ತಲೂ ಮರದ ಪಟ್ಟಿ ಅಂಟಿಸಿ ಆಳ ಹೆಚ್ಚಿಸಬಹುದು, ಗೋಡೆಗೆ ಹಾಕಿದ ಮೇಲೆ ಅದು ಅಷ್ಟಾಗಿ ಕಾಣುವುದಿಲ್ಲ.

ಇನ್ನೊಂದು ವಿಷಯ. ಕಾಗದ, ರಟ್ಟು ಎರಡೂ ತೇವಕ್ಕೆ ಹಿಗ್ಗುತ್ತವೆ. ತೋಡಿನ ಅಳತೆಗಿಂತ ಪ್ರಿಂಟ್ ಉದ್ದದಲ್ಲೂ ಅಗಲದಲ್ಲೂ 2-3 ಮಿ.ಮೀ. ಚಿಕ್ಕದಿರಲಿ. ಬಿಗಿಯಾಗಿ ತುರುಕಿದರೆ ಕಾಗದಕ್ಕೆ ಹಿಗ್ಗಲು ಜಾಗ ಇರುವುದಿಲ್ಲ, ನಡುವೆ ಉಬ್ಬಿಕೊಂಡು ಬರುತ್ತದೆ.

ಸ್ಪೇಸರ್ ಕೂರಿಸುವುದು

ಫ್ರೇಮಿನ ಸಾಮಾನು ಮಾರುವವರ ಹತ್ತಿರ ಅಕ್ರಿಲಿಕ್ ಅಥವಾ ಪ್ಲಾಸ್ಟಿಕ್ ಸ್ಪೇಸರ್ ಪಟ್ಟಿ ಸಿಗುತ್ತದೆ, ಒಂದು ಬದಿಯಲ್ಲಿ ಅಂಟು ಇರುತ್ತದೆ. ಸಾಮಾನ್ಯವಾಗಿ ಸಿಗುವ ಎತ್ತರ 3 ಮತ್ತು 6 ಮಿ.ಮೀ. ಆಸುಪಾಸಿನದು. ಚಿಕ್ಕ ಪ್ರಿಂಟಿಗೆ 3 ಸಾಕು. ಎ3 ಅಳತೆಗಿಂತ ದೊಡ್ಡದಾದರೆ 6 ಹಾಕಿ, ಯಾಕೆಂದರೆ ದೊಡ್ಡ ಕಾಗದ ನಡುವೆ ಸ್ವಲ್ಪ ಉಬ್ಬೇ ಉಬ್ಬುತ್ತದೆ. ಹಾಗಂತ ತೀರಾ ಎತ್ತರದ್ದು ಬೇಡ. ಮೇಲಿನಿಂದ ಬೆಳಕು ಬಿದ್ದಾಗ ಫ್ರೇಮಿನ ನೆರಳು ಚಿತ್ರದ ಮೇಲೆ ಗೆರೆ ಎಳೆದ ಹಾಗೆ ಬೀಳುತ್ತದೆ.

ಸ್ಪೇಸರಿನ ಅಗಲ ತುಟಿಗಿಂತ ಕಡಿಮೆ ಇರಲೇಬೇಕು. ತುಟಿ 6 ಇದ್ದರೆ ಸ್ಪೇಸರ್ 4 ಮಿ.ಮೀ. ಇರಲಿ. ಎದುರಿನಿಂದ ನೋಡಿದರೆ ಅದು ಕಾಣಬಾರದು. ಪಕ್ಕದಿಂದ ನೋಡಿದರೆ ಮಾತ್ರ ಅದರ ಒಳಮುಖ ಸ್ವಲ್ಪ ಕಾಣಬಹುದು, ಆದ್ದರಿಂದ ಕಪ್ಪು ಫ್ರೇಮಿಗೆ ಕಪ್ಪು, ಬಿಳಿ ಫ್ರೇಮಿಗೆ ಬಿಳಿ, ಬೇರೆ ಬಣ್ಣಕ್ಕೆ ಪಾರದರ್ಶಕ ಸ್ಪೇಸರ್ ಒಳ್ಳೆಯದು.

ಗಾಜನ್ನು ಎರಡೂ ಕಡೆ ತೊಳೆದು ಪೂರ್ತಿ ಒಣಗಿಸಿ. ಮೊದಲು ಎರಡು ಉದ್ದನೆಯ ಪಟ್ಟಿಗಳನ್ನು ಗಾಜಿನ ತುದಿಯಿಂದ ತುದಿಗೆ ಕತ್ತರಿಸಿ ಅಂಟಿಸಿ. ಆಮೇಲೆ ಅವುಗಳ ನಡುವಿನ ಜಾಗವನ್ನು ಅಳೆದು ಗಿಡ್ಡ ಪಟ್ಟಿಗಳನ್ನು ಕತ್ತರಿಸಿ. ಮೊದಲೇ ನಾಲ್ಕನ್ನೂ ಕತ್ತರಿಸಿ ಇಟ್ಟುಕೊಂಡರೆ ಮೂಲೆಯಲ್ಲಿ ಸಂದು ಬೀಳುತ್ತದೆ. ಅಂಟು ಇರುವ ಬದಿ ಗಾಜಿಗೆ. ಯಾವ ಕಾರಣಕ್ಕೂ ಪ್ರಿಂಟಿನ ಕಡೆಗೆ ಅಂಟು ಬರಬಾರದು.

ಸ್ಪೇಸರ್ ಸಿಗಲಿಲ್ಲವೇ? ಆಮ್ಲರಹಿತ ಮೌಂಟ್ ಬೋರ್ಡನ್ನು ಸ್ಟೀಲ್ ಸ್ಕೇಲ್ ಇಟ್ಟು 4 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೊಂದು ನಾಲ್ಕು ಪದರ ಬಿಳಿ ಅಂಟಿನಿಂದ ಅಂಟಿಸಿ, ಭಾರ ಹೇರಿ ರಾತ್ರಿಯಿಡೀ ಒಣಗಲು ಬಿಡಿ. 6 ಮಿ.ಮೀ. ಎತ್ತರ ಸಿಕ್ಕಿತು. ಮರದ ಕಡ್ಡಿಗಳನ್ನು ಮಾತ್ರ ಬಳಸಬೇಡಿ, ಮರದಿಂದ ಹೊರಬರುವ ಆಮ್ಲ ಕಾಗದವನ್ನು ಹಳದಿ ಮಾಡುತ್ತದೆ.

ಪ್ರಿಂಟನ್ನು ಹಿಡಿದು ನಿಲ್ಲಿಸುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದ್ದು ಇಲ್ಲೇ. ಮೌಂಟ್ ಇದ್ದರೆ ಅದು ಕಾಗದದ ಅಂಚನ್ನು ಒತ್ತಿ ಹಿಡಿಯುತ್ತಿತ್ತು, ಟೇಪು ಗೀಪು ಏನೇ ಇದ್ದರೂ ಅದರ ಅಡಿ ಮುಚ್ಚಿಹೋಗುತ್ತಿತ್ತು. ಈಗ ಎಲ್ಲವೂ 5 ಮಿ.ಮೀ. ತುಟಿಯೊಳಗೆ ಅಡಗಬೇಕು.

ಸೆಲ್ಲೋಟೇಪ್ ಬೇಡವೇ ಬೇಡ. ಕೆಲವು ವರ್ಷದಲ್ಲಿ ಅದರ ಅಂಟು ಹಳದಿಯಾಗಿ, ಜಿಡ್ಡಾಗಿ ಕಾಗದದೊಳಗೆ ಇಳಿಯುತ್ತದೆ. ಟೇಪು ಉದುರಿಹೋದರೂ ಕಲೆ ಹೋಗುವುದಿಲ್ಲ.

ನನಗೆ ಇಷ್ಟವಾದ ವಿಧಾನ ಕಾಗದದ ಮೂಲೆ ಜೇಬು. ಆಮ್ಲರಹಿತ ತೆಳು ಕಾಗದದ ಪಟ್ಟಿಯನ್ನು ಮಡಿಸಿ ಪುಟ್ಟ ತ್ರಿಕೋನ ಜೇಬು ಮಾಡಿ. ಪ್ರಿಂಟಿನ ನಾಲ್ಕು ಮೂಲೆಗಳನ್ನು ಅದರೊಳಗೆ ಸಿಕ್ಕಿಸಿ, ಜೇಬಿನ ಹಿಂಭಾಗವನ್ನು ಮಾತ್ರ ಬೋರ್ಡಿಗೆ ಅಂಟಿಸಿ. ಫೋಟೋಗೆ ಒಂದು ಹನಿ ಅಂಟೂ ತಾಗುವುದಿಲ್ಲ, ಯಾವಾಗ ಬೇಕಾದರೂ ತೆಗೆಯಬಹುದು. ಜೇಬು ಕಾಣುವುದಿಲ್ಲವೇ ಅಂತ ಕೇಳಬಹುದು. ತುಟಿ ಪ್ರಿಂಟಿನ ಮೇಲೆ 5 ಮಿ.ಮೀ. ಬರುತ್ತಿದ್ದರೆ, ಮೂಲೆಯಿಂದ ಎರಡೂ ಕಡೆಗೆ 10 ಮಿ.ಮೀ. ವರೆಗಿನ ತ್ರಿಕೋನ ಪೂರ್ತಿ ಅಡಗುತ್ತದೆ. ಪೆನ್ಸಿಲಿನಲ್ಲಿ ಒಮ್ಮೆ ಬರೆದು ನೋಡಿ, ಗೊತ್ತಾಗುತ್ತದೆ. ಜೇಬು ಸ್ವಲ್ಪ ಸಡಿಲವಾಗಿರಲಿ, ಕಾಗದ ಹಿಗ್ಗಿ ಕುಗ್ಗಲು ಜಾಗ ಬೇಕು.

ದಪ್ಪ ಕಾಗದದ ಎ3 ವರೆಗಿನ ಪ್ರಿಂಟಿಗೆ ಇಷ್ಟು ಸಾಕು. ಅದಕ್ಕಿಂತ ದೊಡ್ಡದಾದರೆ ಕಾಗದ ತನ್ನ ಭಾರಕ್ಕೇ ಜೋಲುತ್ತದೆ, ಬೆಳಕಿನಲ್ಲಿ ಅಲೆ ಕಾಣುತ್ತದೆ. ಆಗ ಪ್ರಿಂಟನ್ನು ಗಟ್ಟಿ ಬೋರ್ಡಿಗೆ ಪೂರ್ತಿ ಅಂಟಿಸುವುದೇ ಸರಿ. ಬಿಸಿ ಪ್ರೆಸ್ಸಿನಲ್ಲೂ ಮಾಡುತ್ತಾರೆ, ಬಿಸಿಯಿಲ್ಲದೆ ಒತ್ತಿ ಅಂಟಿಸುವ ಹಾಳೆಯಿಂದಲೂ ಮಾಡುತ್ತಾರೆ. ಇಂಕ್‌ಜೆಟ್ ಪ್ರಿಂಟಿಗೆ ಬಿಸಿಯಿಲ್ಲದ್ದೇ ಕ್ಷೇಮ. ಆದರೆ ನೆನಪಿಡಿ, ಒಮ್ಮೆ ಹೀಗೆ ಅಂಟಿಸಿದರೆ ವಾಪಸ್ ತೆಗೆಯುವುದು ಕಷ್ಟ. ಮತ್ತೆ ಪ್ರಿಂಟ್ ಹಾಕಿಸಬಹುದಾದ ಫೋಟೋಗೆ ಮಾತ್ರ ಹೀಗೆ ಮಾಡಿ. ಮನೆಯಲ್ಲಿ ಒಂದೇ ಒಂದು ಪ್ರತಿ ಇರುವ ಹಳೇ ಫೋಟೋವನ್ನು ಸ್ಕ್ಯಾನ್ ಮಾಡಿಸಿ, ನಕಲನ್ನು ಫ್ರೇಮಿಗೆ ಹಾಕಿ, ಮೂಲವನ್ನು ಕತ್ತಲಲ್ಲಿ ಒಣ ಜಾಗದಲ್ಲಿ ಇಟ್ಟುಬಿಡಿ.

ಬೋರ್ಡ್ ಕೊಳ್ಳುವಾಗ ಆಮ್ಲರಹಿತವೇ ಅಂತ ಕೇಳಿ. ಇನ್ನೂ ಖಾತ್ರಿ ಬೇಕಾದರೆ ಐಎಸ್‌ಒ 18916 ಪರೀಕ್ಷೆ ಪಾಸಾದದ್ದು ನೋಡಿ ಕೊಳ್ಳಿ. ಒಂದು ವಸ್ತುವನ್ನು ಫೋಟೋ ಜೊತೆ ಇಟ್ಟರೆ ಫೋಟೋಗೆ ಹಾನಿಯಾಗುತ್ತದೆಯೇ ಅಂತ ನೋಡುವ ಪರೀಕ್ಷೆ ಅದು.

ಮುಚ್ಚುವ ಮೊದಲು

ಫ್ಯಾನ್ ಆಫ್ ಮಾಡಿ. ಫ್ರೇಮನ್ನು ಬೋರಲು ಹಾಕಿ, ಸ್ಪೇಸರ್ ಅಂಟಿಸಿದ ಗಾಜನ್ನು ಸ್ಪೇಸರ್ ಇರುವ ಬದಿ ಮೇಲಕ್ಕೆ ಬರುವಂತೆ ಇಳಿಸಿ. ಟಾರ್ಚನ್ನು ಗಾಜಿನ ಮಟ್ಟಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಡಿ, ಕಾಣದಿದ್ದ ಧೂಳೆಲ್ಲ ಎದ್ದು ಕಾಣುತ್ತದೆ. ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ, ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಆಮೇಲೆ ಪ್ರಿಂಟ್ ಇರುವ ಬೋರ್ಡ್, ಅದರ ಹಿಂದೆ ಫೋಮ್ ಬೋರ್ಡ್. ಕೈಯಿಂದ ಒತ್ತಿ ಹಿಡಿದು ಒಮ್ಮೆ ತಿರುಗಿಸಿ ಮುಂದಿನಿಂದ ನೋಡಿ. ಒಂದು ಕೂದಲಾದರೂ ಒಳಗೆ ಇದ್ದೇ ಇರುತ್ತದೆ. ಬೇಸರಪಡದೆ ಮತ್ತೆ ಬಿಚ್ಚಿ ತೆಗೆಯಿರಿ, ಗೋಡೆಗೆ ಹಾಕಿದ ಮೇಲೆ ಕಣ್ಣು ದಿನಾ ಅಲ್ಲಿಗೇ ಹೋಗುತ್ತದೆ ಅಲ್ವಾ.

ಮೊಳೆಯನ್ನು ಸುತ್ತಿಗೆಯಿಂದ ಹೊಡೆಯಬೇಡಿ, ಅದುರುವಿಕೆಗೆ ಧೂಳು ಮತ್ತೆ ಒಳಗೆ ಬೀಳುತ್ತದೆ. ಇಕ್ಕಳದಿಂದ ಫ್ರೇಮಿನ ಒಳಗೋಡೆಗೆ ಒತ್ತಿ ಕೂರಿಸಿ, 8-10 ಸೆಂ.ಮೀ.ಗೆ ಒಂದರಂತೆ. ಹಿಂಬದಿಗೆಲ್ಲ ಕಂದು ಕಾಗದ ಅಂಟಿಸಿ ಮುಚ್ಚಿ. ನೇತುಹಾಕುವ ಬಳೆಗಳನ್ನು ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಹಾಕಿ. ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ. ನೇರ ಬಿಸಿಲು ಬೀಳುವ ಗೋಡೆ, ತೇವ ಹಿಡಿಯುವ ಗೋಡೆ ಎರಡೂ ಬೇಡ.

ದೊಡ್ಡ ಫ್ರೇಮಿಗೆ ಗಾಜಿನ ಬದಲು ಅಕ್ರಿಲಿಕ್ ಹಾಕಿದರೆ ತೂಕ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಬಿದ್ದರೂ ಚೂರಾಗಿ ಹರಡುವುದಿಲ್ಲ. ಆದರೆ ಅದು ಗಾಜಿಗಿಂತ ಬೇಗ ಬಾಗುತ್ತದೆ, ಹಾಗಾಗಿ 6 ಮಿ.ಮೀ. ಸ್ಪೇಸರ್ ಕಡ್ಡಾಯ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಅದಕ್ಕೆ ಬಳಸಬಾರದು, ಮೇಲ್ಮೈ ಮಂಕಾಗುತ್ತದೆ. ಮೆತ್ತನೆಯ ಒದ್ದೆ ಬಟ್ಟೆ ಸಾಕು. ಗಾಜಾಗಲಿ ಅಕ್ರಿಲಿಕ್ ಆಗಲಿ, ದ್ರವವನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ. ನೇರವಾಗಿ ಸಿಂಪಡಿಸಿದರೆ ಕೆಳಗಿನ ಸಂದಿಯಿಂದ ಒಳಗೆ ಇಳಿಯುತ್ತದೆ.

ಈಗಾಗಲೇ ಅಂಟಿಕೊಂಡಿದ್ದರೆ

ಎಳೆಯಬೇಡಿ. ನೀರಲ್ಲಿ ನೆನೆಸುವ ಸಲಹೆ ಕೊಡುವವರು ಇದ್ದಾರೆ, ಬಣ್ಣದ ಫೋಟೋ ಅಥವಾ ಇಂಕ್‌ಜೆಟ್ ಆಗಿದ್ದರೆ ಇದ್ದದ್ದೂ ಹೋಗಬಹುದು. ಅಂಥದ್ದನ್ನು ಬಿಡಿಸುವುದು ಫೋಟೋ ಸಂರಕ್ಷಣೆ ಕಲಿತವರ ಕೆಲಸ. ಅಲ್ಲಿಯವರೆಗೆ ಗಾಜಿನ ಸಮೇತ ಹಾಗೇ ಇಟ್ಟು, ಗಾಜಿನ ಮೇಲಿಂದಲೇ ಅದರ ಫೋಟೋ ತೆಗೆದುಕೊಳ್ಳಿ. ಮೇಜಿನ ಮೇಲೆ ಮಲಗಿಸಿ, ಎರಡು ಬದಿಯಿಂದ ಓರೆಯಾಗಿ ಬೆಳಕು ಬಿಡಿ, ಕ್ಯಾಮೆರಾ ನೇರ ಮೇಲಿರಲಿ. ಕಪ್ಪು ರಟ್ಟೊಂದರ ನಡುವೆ ಲೆನ್ಸಿನಷ್ಟು ತೂತು ಮಾಡಿ ಕ್ಯಾಮೆರಾ ಮುಂದೆ ಹಿಡಿದರೆ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಬೀಳುವುದಿಲ್ಲ.

ಅಜ್ಜಿಯ ಫೋಟೋವನ್ನು ನಾನು ಹೀಗೇ ತೆಗೆದೆ. ಗಾಜಿನಲ್ಲಿ ಉಳಿದಿದ್ದ ಭುಜದ ಚೂರು ಎದುರಿನಿಂದ ನೋಡಿದರೆ ತನ್ನ ಜಾಗದಲ್ಲೇ ಇತ್ತು, ಆದ್ದರಿಂದ ನಕಲಿನಲ್ಲಿ ಬಿಳಿ ಕಲೆ ಬರಲಿಲ್ಲ. ಈಗ ಆ ನಕಲು ಸುತ್ತ ಎರಡಿಂಚು ಬಿಳಿ ಬಿಟ್ಟುಕೊಂಡು, 3 ಮಿ.ಮೀ. ಸ್ಪೇಸರಿನ ಹಿಂದೆ ಗೋಡೆಯ ಮೇಲಿದೆ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಪಕ್ಕದಿಂದ ಟಾರ್ಚ್ ಬಿಟ್ಟು ನೋಡುತ್ತೇನೆ. ಇಲ್ಲಿಯವರೆಗೂ ಗಾಜಿಗೂ ಕಾಗದಕ್ಕೂ ನಡುವಿನ ಸಂದು ಹಾಗೇ ಇದೆ.