ಹಿಂದಿನ ಸೀಟೋ, ಸ್ಟೇರಿಂಗೋ? ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಆರಿಸುವುದು ಹೇಗೆ

ಮಂಡ್ಯದ ನಮ್ಮ ಭಾವ ಒಂದು ಭಾನುವಾರ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಎರಡು ಕಾರಿನ ಫೋಟೊ ಕಳಿಸಿದರು. ಎರಡೂ 2018ರ ಮಾಡೆಲ್, ಎರಡೂ ಡೀಸೆಲ್. ಒಂದು ಬಿಳಿ ಮರ್ಸಿಡಿಸ್ ಇ-ಕ್ಲಾಸ್, ಇನ್ನೊಂದು ನೀಲಿ ಬಿಎಂಡಬ್ಲ್ಯು 5 ಸೀರೀಸ್. ಕೆಳಗೆ ಒಂದೇ ಸಾಲು: "ಯಾವ್ದು ತಗೊಳ್ಳೋದು ಹೇಳಪ್ಪ, ಮಧ್ಯಾಹ್ನದೊಳಗೆ ಟೋಕನ್ ಕೊಡ್ಬೇಕಂತೆ."

ಮಧ್ಯಾಹ್ನದೊಳಗೆ ಟೋಕನ್ ಕೇಳುವವರ ಕಾರೇ ಬೇಡ ಎಂದೆ. ಭಾವ ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವರೇ ಫೋನ್ ಮಾಡಿದರು. ಮುಂದಿನ ಆರು ವಾರ ಮಂಡ್ಯ, ಮೈಸೂರು, ಬೆಂಗಳೂರು ಎಂದು ಇಬ್ಬರೂ ಕಾರು ನೋಡಿಕೊಂಡು ಸುತ್ತಿದೆವು. ಆಗ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಆರೇಳು ವರ್ಷ ಓಡಿದ ಇಂಥ ಕಾರುಗಳು ಈಗ ಹೊಸ ಇನ್ನೋವಾ ದುಡ್ಡಿಗೆ ಸಿಗುತ್ತವೆ. ಆಸೆ ಯಾರಿಗೆ ಇರುವುದಿಲ್ಲ ಹೇಳಿ? ಆದರೆ ಇವುಗಳಲ್ಲಿ ಎರಡು ಜಾತಿ. ಇ-ಕ್ಲಾಸ್, ವೋಲ್ವೊ ಎಸ್90, ಲೆಕ್ಸಸ್ ಇಎಸ್ ಥರದವು ಒಳಗೆ ಕೂತವರ ಸುಖ ನೋಡುತ್ತವೆ. ಬಿಎಂಡಬ್ಲ್ಯು 3 ಮತ್ತು 5 ಸೀರೀಸ್, ಜಾಗ್ವಾರ್ ಎಕ್ಸ್‌ಎಫ್ ಓಡಿಸುವವರ ಖುಷಿ ನೋಡುತ್ತವೆ. ಆಡಿ ಎ6 ಎರಡರ ನಡುವೆ ಎಲ್ಲೋ ಇದೆ.

ಹೆಜ್ಜೆ 1: ಯಾರು ಎಲ್ಲಿ ಕೂರುತ್ತಾರೆ, ಬರೆಯಿರಿ

ಒಂದು ಹಾಳೆಯಲ್ಲಿ ಕಳೆದ ತಿಂಗಳ ಓಡಾಟವನ್ನೆಲ್ಲ ಬರೆಯಿರಿ. ಆಸ್ಪತ್ರೆ, ಮದುವೆ, ಮಗಳ ಹಾಸ್ಟೆಲ್, ಬೆಂಗಳೂರು. ಪ್ರತಿ ಸಲವೂ ಯಾರು ಓಡಿಸಿದರು, ಹಿಂದೆ ಯಾರು ಕೂತಿದ್ದರು ಎಂದು ಪಕ್ಕದಲ್ಲಿ ಬರೆಯಿರಿ. ಸುಮ್ನೆ ನೆನಪಿನಿಂದ ಹೇಳಬೇಡಿ, ಬರೆದರೇ ಗೊತ್ತಾಗುವುದು. "ಮನೆಯವರೆಲ್ಲ ಹೋಗೋಕೆ ದೊಡ್ಡ ಕಾರು ಬೇಕು" ಎನ್ನುತ್ತಿದ್ದ ಭಾವನ ಹಾಳೆಯಲ್ಲಿ ಹಿಂದಿನ ಸೀಟು ಹೆಚ್ಚಿನ ಸಲ ಖಾಲಿ ಇತ್ತು. ಇಲ್ಲವೇ ಬೆಲ್ಲದ ಪೆಟ್ಟಿಗೆ.

ಹಿಂದೆ ಕೂರುವವರು ನಿಜವಾಗಿ ಇದ್ದರೆ ಅಳತೆ ನೋಡಿ. 2017ರಲ್ಲಿ ನಮ್ಮಲ್ಲಿಗೆ ಬಂದ ಉದ್ದನೆಯ ಇ-ಕ್ಲಾಸ್‌ನ ವ್ಹೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 3079 ಮಿ.ಮೀ. ಅದೇ ವರ್ಷ ಬಂದ 5 ಸೀರೀಸ್‌ನದು 2975. ಹತ್ತು ಸೆಂಟಿಮೀಟರ್ ವ್ಯತ್ಯಾಸ ಕಾಗದದಲ್ಲಿ ಚಿಕ್ಕದು, ಮೊಣಕಾಲಿಗೆ ದೊಡ್ಡದು. ಓಡಿಸುವ ಖುಷಿಯೂ ಬೇಕು, ಹಿಂದೆ ಜಾಗವೂ ಬೇಕು ಎನ್ನುವವರಿಗೆ 2021ರಲ್ಲಿ ಬಂದ 3 ಸೀರೀಸ್ ಗ್ರಾನ್ ಲಿಮೋಸಿನ್ ಇದೆ. ಮಾಮೂಲಿ 3 ಸೀರೀಸ್‌ಗಿಂತ 110 ಮಿ.ಮೀ. ಉದ್ದದ ವ್ಹೀಲ್‌ಬೇಸ್. ಈ ಕಾರನ್ನು ಬಹಳ ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಹೆಜ್ಜೆ 2: ನಿಮ್ಮ ರಸ್ತೆ ಯಾವುದು?

ಸ್ಪೋರ್ಟಿ ಕಾರು ಬೇಕೆನ್ನುವವರೆಲ್ಲ ಮೊದಲು ಹೇಳುವುದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹೆಸರು. 2023ರ ಮಾರ್ಚ್‌ನಲ್ಲಿ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ 118 ಕಿ.ಮೀ. ರಸ್ತೆ ಅದು. ಅಲ್ಲಿ ಕಾರಿಗೆ ವೇಗದ ಮಿತಿ ಗಂಟೆಗೆ 100 ಕಿ.ಮೀ., ಮೇಲೆ ಕ್ಯಾಮೆರಾ. ನೂರರಲ್ಲಿ ನೆಟ್ಟಗೆ ಹೋಗುವ ರಸ್ತೆಗೆ ಸ್ಪೋರ್ಟಿ ಕಾರು ಯಾಕೆ ಬೇಕು? ಆ ದಾರಿಯಲ್ಲಿ ಗೆಲ್ಲುವುದು ಸದ್ದಿಲ್ಲದ, ಮೆತ್ತಗಿನ ಕಾರು.

ಸ್ಪೋರ್ಟಿ ಕಾರಿನ ರುಚಿ ಗೊತ್ತಾಗುವುದು ತಿರುವಿನಲ್ಲಿ. ಮಡಿಕೇರಿ ಕಡೆ, ಊಟಿ ಕಡೆ ತಿಂಗಳಿಗೊಮ್ಮೆ ಹೋಗುವವರಾದರೆ ಅದಕ್ಕೆ ಅರ್ಥವಿದೆ. ಆದರೆ ಊಟಿ ದಾರಿಯಲ್ಲಿ ಘಾಟಿಗೆ ಮುಂಚೆ ಬಂಡೀಪುರ ಬರುತ್ತದೆ. ಕಾಡಿನೊಳಗೆ ಸಾಲುಸಾಲು ಹಂಪ್. ತಗ್ಗಿದ, ಬಿಗಿ ಸಸ್ಪೆನ್ಶನ್ನಿನ (ಚಕ್ರದ ಮೇಲೆ ಕಾರನ್ನು ಹೊರುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್) ಕಾರಿನಲ್ಲಿ ಒಂದೊಂದು ಹಂಪ್ ಬಂದಾಗಲೂ ಹೊಟ್ಟೆ ಚುರ್ ಎನ್ನುತ್ತದೆ. ಮಂಡ್ಯ ಕಡೆಯವರಾದರೆ ಕಬ್ಬಿನ ಸೀಸನ್ ನೆನಪಿಸಿಕೊಳ್ಳಿ. ಪಾಂಡವಪುರ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ 190 ಹಾರ್ಸ್‌ಪವರೂ ಒಂದೇ, ಎತ್ತಿನ ಗಾಡಿಯೂ ಒಂದೇ.

ಪೆಟ್ರೋಲೋ ಡೀಸೆಲೋ ಎನ್ನುವುದೂ ಇಲ್ಲೇ ತೀರ್ಮಾನವಾಗಲಿ. ಈ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಅದರಲ್ಲಿ ಕೂತ ಮಸಿ ಸುಟ್ಟುಹೋಗಬೇಕಾದರೆ ಆಗಾಗ ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಬೇಕು. ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ಹೋಗಿ ಬರುವುದಷ್ಟೇ ನಿಮ್ಮ ಓಡಾಟವಾದರೆ ಡೀಸೆಲ್ ಬೇಡ. ಪೆಟ್ರೋಲ್ ಆದರೆ ಟ್ಯಾಂಕ್ ಮುಚ್ಚಳದ ಒಳಗೋ ಮ್ಯಾನುಯಲ್‌ನಲ್ಲೋ ಎಷ್ಟು ಎಥೆನಾಲ್ ನಡೆಯುತ್ತದೆ ಎಂದು ಬರೆದಿದೆಯಾ ನೋಡಿ. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. "ನಮ್ ಕಬ್ಬೇ ಸುತ್ತಾಕ್ಕೊಂಡು ನಮ್ ಟ್ಯಾಂಕಿಗೆ ಬತ್ತದೆ ಕಣಪ್ಪ" ಎಂದು ಭಾವನಿಗೆ ನಗು.

ಹೆಜ್ಜೆ 3: ಬಗ್ಗಿ ಟೈರ್ ಓದಿ

ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಕಾರು ಮೆತ್ತಗಿದೆಯೋ ಗಡುಸಾಗಿದೆಯೋ ಎನ್ನುವುದನ್ನು ಬಾನೆಟ್ ಮೇಲಿನ ಲಾಂಛನಕ್ಕಿಂತ ಜಾಸ್ತಿ ಟೈರ್ ಹೇಳುತ್ತದೆ.

ಟೈರಿನ ಪಕ್ಕದಲ್ಲಿ 225/55 ಆರ್17 ಎಂಬಂಥ ಬರಹ ಇರುತ್ತದೆ. 225 ಎಂದರೆ ಅಗಲ, ಮಿ.ಮೀ. ಲೆಕ್ಕದಲ್ಲಿ. 55 ಎಂದರೆ ಟೈರಿನ ಗೋಡೆಯ ಎತ್ತರ ಆ ಅಗಲದ 55%. ಗುಣಿಸಿದರೆ ಸುಮಾರು 124 ಮಿ.ಮೀ. ಅಷ್ಟು ರಬ್ಬರ್ ಮತ್ತು ಗಾಳಿ ನಿಮಗೂ ಗುಂಡಿಗೂ ನಡುವೆ ಇದೆ. ಈಗ 245/40 ಆರ್19 ತಗೊಳ್ಳಿ. ಗೋಡೆ 98 ಮಿ.ಮೀ. ಮಾತ್ರ. ಕಾರಿನ ಚಂದ ಹೆಚ್ಚಿತು, ಎರಡೂವರೆ ಸೆಂಟಿಮೀಟರ್ ಮೆತ್ತೆ ಹೋಯಿತು. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳಲ್ಲಿ ಅಲಾಯ್ ವ್ಹೀಲ್ ಬಿರುಕು ಬಿಡುವುದು ಇಂಥ ತೆಳು ಟೈರಿನ ಕಾರುಗಳಲ್ಲೇ ಜಾಸ್ತಿ.

ಹಾಗಾಗಿ ಒಂದೇ ಮಾಡೆಲಿನ ಎರಡು ಕಾರು ಬೇರೆ ಬೇರೆ ಥರ ಓಡುತ್ತವೆ. ಹಿಂದಿನ ಮಾಲೀಕರು ಚಂದಕ್ಕೆಂದು ದೊಡ್ಡ ಚಕ್ರ ಹಾಕಿಸಿದ ಇ-ಕ್ಲಾಸ್, ಚಿಕ್ಕ ಚಕ್ರದ 5 ಸೀರೀಸ್‌ಗಿಂತ ಒರಟಾಗಿರಬಹುದು. ನಾವು ನೋಡಿದ ಒಂದು ಕಾರು ಹಾಗೇ ಇತ್ತು. ಕಂಪನಿ ಕೊಟ್ಟ ಅಳತೆ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲೋ ಟ್ಯಾಂಕ್ ಮುಚ್ಚಳದಲ್ಲೋ ಇರುತ್ತದೆ, ಹೋಲಿಸಿ ನೋಡಿ.

ಇನ್ನು ರನ್‌ಫ್ಲಾಟ್ ಎಂಬ ಟೈರ್. ಬಿಎಂಡಬ್ಲ್ಯುಗಳಲ್ಲಿ ಇದು ಹೆಚ್ಚು. ಪಂಕ್ಚರ್ ಆದರೂ ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ಹೋಗಬಹುದು. ರಾತ್ರಿ ಹೊತ್ತು ಒಬ್ಬರೇ ಓಡಾಡುವವರಿಗೆ ಇದು ದೊಡ್ಡ ಧೈರ್ಯ. ಆದರೆ ಗೋಡೆ ಗಟ್ಟಿ ಇರುವುದರಿಂದ ಹಂಪ್ ಗಟ್ಟಿಯಾಗಿಯೇ ಬಡಿಯುತ್ತದೆ. ನಾಲ್ಕು ಬದಲಿಸಿದರೆ ಒಂದು ಒಳ್ಳೆ ಸ್ಕೂಟರ್ ದುಡ್ಡು. ಮಾಮೂಲಿ ಟೈರ್ ಹಾಕಿಸಿದರೆ ಕಾರು ಮೆತ್ತಗಾಗುತ್ತದೆ ನಿಜ. ಆಗ ಸ್ಟೆಪ್ನಿ ಎಲ್ಲಿಡುತ್ತೀರಿ ಎನ್ನುವುದನ್ನೂ ಯೋಚಿಸಿ. ಡಿಕ್ಕಿ ತೆಗೆದು ನೋಡಿ, ಹಲವು ಕಾರುಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಕೊನೆಗೆ ಟೈರಿನ ವಯಸ್ಸು. ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3219 ಎಂದಿದ್ದರೆ 2019ರ 32ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಸವೆಯದೆ ಚೆನ್ನಾಗಿ ಕಂಡರೂ ಅಂಥದ್ದು ಬದಲಾಯಿಸಲೇಬೇಕು. ಬೆಲೆ ಇಳಿಸಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಹೆಜ್ಜೆ 4: ಟೆಸ್ಟ್ ಡ್ರೈವ್‌ಗೆ ಮನೆಯವರನ್ನು ಕರೆದೊಯ್ಯಿರಿ

ಮಾರುವವರು ಶೋರೂಮ್ ಮುಂದಿನ ನುಣ್ಣನೆ ರಸ್ತೆಯಲ್ಲಿ ಎರಡು ಸುತ್ತು ಹಾಕಿಸುತ್ತಾರೆ. ಅದಕ್ಕೆ ಒಪ್ಪಬೇಡಿ. ಒಂದು ಗಂಟೆ ಕೇಳಿ. ಮೈಸೂರಿನಲ್ಲಾದರೆ ನನ್ನ ದಾರಿ ಇದು: ಮೊದಲು ಅಗ್ರಹಾರದ ಹಳೇ ಬೀದಿಗಳು, ಆಮೇಲೆ ರಿಂಗ್ ರೋಡ್, ಕೊನೆಗೆ ಚಾಮುಂಡಿ ಬೆಟ್ಟ. ಆಷಾಢ ಶುಕ್ರವಾರ ಮಾತ್ರ ಬೇಡ. ಬೀದಿಗಳಲ್ಲಿ ಹಂಪ್, ಗುಂಡಿ, ತಿರುಗಿಸುವ ಕಷ್ಟ ತಿಳಿಯುತ್ತದೆ. ರಿಂಗ್ ರೋಡಿನಲ್ಲಿ ಟೈರ್ ಸದ್ದು, ಗಾಳಿ ಸದ್ದು. ಬೆಟ್ಟದ ತಿರುವಿನಲ್ಲಿ ಮೈ ವಾಲುವುದು.

ಕಾರನ್ನು ಮೊದಲೇ ಬಿಸಿ ಮಾಡಿ ಇಡಬೇಡಿ ಎಂದು ಹೇಳಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬರುವ ಕಟಕಟ ಸದ್ದು ಆಮೇಲೆ ಕೇಳಿಸುವುದಿಲ್ಲ. ಏರ್ ಸಸ್ಪೆನ್ಶನ್, ಅಂದರೆ ಸ್ಪ್ರಿಂಗ್ ಬದಲು ಗಾಳಿ ಚೀಲ, ಇರುವ ಕಾರಾದರೆ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಹೋಗಿ ನೋಡಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ ಎಂದೇ ಅರ್ಥ. ಇನ್ನೊಂದು ಮಾತು. ಸ್ಪೋರ್ಟ್ ಎಂಬ ಬಟನ್ ಒತ್ತಿದರೆ ಪಿಕಪ್, ಗೇರ್, ಸ್ಟೇರಿಂಗ್ ಬಿಗಿ ಬದಲಾಗುತ್ತವೆ. ಹೊಂದಿಸಿಕೊಳ್ಳುವ ಶಾಕ್ ಅಬ್ಸಾರ್ಬರ್ ಇಲ್ಲದ ಕಾರಿನಲ್ಲಿ ಸಸ್ಪೆನ್ಶನ್ ಇದ್ದ ಹಾಗೇ ಇರುತ್ತದೆ. "ಬಟನ್ ಒತ್ತಿದ್ರೆ ಎರಡೂ ಥರ ಆಗುತ್ತೆ ಸಾರ್" ಎನ್ನುವವರನ್ನು ನಂಬಬೇಡಿ.

ನಮ್ಮ ತೀರ್ಮಾನ ತಲೆಕೆಳಗಾದದ್ದು ಈ ಹೆಜ್ಜೆಯಲ್ಲೇ. ಭಾವನ ತಾಯಿಗೆ ಮಂಡಿನೋವು. ಅವರಿಗಾಗಿ ಇ-ಕ್ಲಾಸೇ ಸರಿ ಎಂದು ನಾನು ಹೆಚ್ಚುಕಡಿಮೆ ನಿರ್ಧರಿಸಿಬಿಟ್ಟಿದ್ದೆ. ಅವರನ್ನೂ ಕರೆದುಕೊಂಡು ಹೋದೆವು. ಹಿಂದಿನ ಸೀಟಿನಲ್ಲಿ ಆರಾಮಾಗಿ ಒರಗಿಯೇನೋ ಕೂತರು. ಇಳಿಯುವಾಗ ಮೇಲೇಳಲು ಆಗಲಿಲ್ಲ. ಸೀಟು ತಗ್ಗಿನಲ್ಲಿತ್ತು, ಎತ್ತರ ಮಾಡಲು ಬರುವುದಿಲ್ಲ. ಬೆಟ್ಟದ ತಿರುವಿನಲ್ಲಿ ತಲೆಯೂ ಸುತ್ತಿತ್ತು. "ಸೋಫಾ ಚೆಂದಾಗೈತೆ, ಏಳೋಕಾಗಕಿಲ್ಲ ಕಣ್ ಮಗ" ಎಂದರು. ಮುಂದಿನ ಸೀಟಿನಲ್ಲಿ ಕೂರಿಸಿ, ಬಟನ್ ಒತ್ತಿ ಸೀಟು ಮೇಲಕ್ಕೆತ್ತಿದೆವು. ಕೈ ಕೊಡದೆಯೇ ಇಳಿದರು. ಮುಂದೆ ಕೂರುವುದಾದರೆ ಎರಡೂ ಕಾರು ಅವರಿಗೆ ಒಂದೇ. ಹಿಂದಿನ ಸೀಟು ಹೇಗೂ ಖಾಲಿ. ಆ ಹತ್ತು ಸೆಂಟಿಮೀಟರ್ ಲೆಕ್ಕವೆಲ್ಲ ಬಿದ್ದುಹೋಯಿತು. ಭಾವ 5 ಸೀರೀಸನ್ನೇ ತಗೊಂಡರು. ಮೊದಲು ಫೋಟೊ ಕಳಿಸಿದ್ದನ್ನಲ್ಲ, ಚಿಕ್ಕ ಚಕ್ರದ ಬೇರೊಂದು ಕಾರನ್ನು.

ಹೆಜ್ಜೆ 5: ಕಾರಿನ ಹಿಂದಿನ ಜನ್ಮ ಕೆದಕಿ

ಸರ್ವೀಸ್ ಹಿಸ್ಟರಿ ಇಲ್ಲದ ಕಾರು ಎಷ್ಟು ಅಗ್ಗವಾದರೂ ಬೇಡ. ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಹಣ ಕಟ್ಟಿ ತಪಾಸಣೆ ಮಾಡಿಸಿ, ಕಂಪ್ಯೂಟರ್ ಸ್ಕ್ಯಾನ್ ಹಾಕಿಸಿ. ಮೀಟರ್ ತಿರುಗಿಸಿದ್ದರೆ ಸರ್ವೀಸ್ ದಾಖಲೆಯ ಕಿ.ಮೀ. ಜೊತೆ ತಾಳೆಯಾಗುವುದಿಲ್ಲ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ್ದಾರಾ ಕೇಳಿ. "ಅದು ಲೈಫ್‌ಟೈಮ್ ಆಯಿಲ್" ಎಂಬ ಉತ್ತರ ಬರಬಹುದು. ಬಿಎಂಡಬ್ಲ್ಯುಗೆ ಎಂಟು ಗೇರಿನ ಪೆಟ್ಟಿಗೆ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ, ಇಲ್ಲವೇ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ನಾವು ನೋಡಿದ ಒಂದು ಹೊಳೆಯುವ ಕಾರಿನ ಬೆಲ್ಟ್ ತುದಿಯಲ್ಲಿ ಒಣಗಿದ ಕೆಸರಿನ ಗೆರೆ ಇತ್ತು. ನೀರಿಗೆ ಬಿದ್ದ ಕಾರು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಮುಳುಗಿ ನಿಂತದ್ದು ನೆನಪಿದೆ ಅಲ್ವಾ? ಡಿಕ್ಕಿಯ ಚಾಪೆ ಎತ್ತಿ ಕೆಳಗಿನ ಕುಳಿಯಲ್ಲಿ ತುಕ್ಕು ಇದೆಯಾ ನೋಡಿ. ಮೂಸಿಯೂ ನೋಡಿ. ನಾಚಿಕೆ ಬೇಡ.

ಹೆಜ್ಜೆ 6: ಕಾಗದ

ಹತ್ತು ವರ್ಷ ಮೀರಿದ ಡೀಸೆಲ್ ಕಾರಿಗೆ ದೆಹಲಿಯಲ್ಲಿ ನಿರ್ಬಂಧ ಬಂದಾಗಿನಿಂದ ಅಲ್ಲಿಯ ಕಾರುಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತಿವೆ. ಬೆಲೆ ಕೇಳಿ ಮರುಳಾಗುವ ಮುಂಚೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್, ಹೊಸ ನಂಬರಿನ ಓಡಾಟ ಎಲ್ಲವನ್ನೂ ಸೇರಿಸಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ತೆರಿಗೆಯೇ 18%. ಹಳೆಯದಕ್ಕೆ ವಯಸ್ಸಿನ ಪ್ರಕಾರ ಕಡಿಮೆಯಾಗುತ್ತದೆ. ಆದರೂ ಸಣ್ಣ ಮೊತ್ತವೇನಲ್ಲ. ಮೈಸೂರಿನ ಕೆಎ 09, ಕೆಎ 55, ಮಂಡ್ಯದ ಕೆಎ 11 ನಂಬರಿನ ಕಾರಿಗೆ ಈ ರಗಳೆ ಇಲ್ಲ. ಮಾಲೀಕರ ಹೆಸರು ಬದಲಿಸುವ ಫಾರಂ 29 ಮತ್ತು 30, ಸಾಲವಿದ್ದರೆ ಅದು ತೀರಿತೆಂದು ಹೇಳುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ, ಬಾಕಿ ದಂಡದ ಚಲನ್. ಇವಿಷ್ಟು ಕೈಗೆ ಬಂದ ಮೇಲೆ ಪೂರ್ತಿ ಹಣ ಕೊಡಿ.

ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬದಲಿಸಲು 14 ದಿನದೊಳಗೆ ಅರ್ಜಿ ಕೊಡಿ. ಹಳೇ ಮಾಲೀಕರ ನೋ ಕ್ಲೈಮ್ ಬೋನಸ್ (ಪರಿಹಾರ ಕೇಳದಿದ್ದಕ್ಕೆ ಸಿಗುವ ರಿಯಾಯಿತಿ) ಕಾರಿನ ಜೊತೆ ಬರುವುದಿಲ್ಲ, ಅದು ಅವರದ್ದೇ. ಹಾಗಾಗಿ ಇನ್ಶೂರೆನ್ಸ್ ಕಂತು ಸ್ವಲ್ಪ ಏರುತ್ತದೆ.

ಹೆಜ್ಜೆ 7: ಹತ್ತರಲ್ಲಿ ಒಂದು ಪಾಲು ಪಕ್ಕಕ್ಕಿಡಿ

ಕಾರಿನ ಬೆಲೆಯ ಹತ್ತರಲ್ಲಿ ಒಂದು ಭಾಗವನ್ನು ಮೊದಲ ವರ್ಷದ ಖರ್ಚಿಗೆಂದು ಬೇರೆ ಇಡಿ. ಇದು ನನ್ನ ಲೆಕ್ಕ, ಯಾರ ನಿಯಮವೂ ಅಲ್ಲ. ಕಾರು ಅಗ್ಗವಾಗಿದೆ, ಆದರೆ ಅದರ ಬಿಡಿಭಾಗ ಇಂದಿಗೂ ಹೊಸ ಕಾರಿನ ಬೆಲೆಯದ್ದೇ. ಮೆತ್ತಗಿನ ಕಾರಿನಲ್ಲಿ ಏರ್ ಸಸ್ಪೆನ್ಶನ್ ಇದ್ದರೆ ಖರ್ಚು ಅಲ್ಲಿ ಬರುತ್ತದೆ. ಸ್ಪೋರ್ಟಿ ಕಾರಿನಲ್ಲಿ ಟೈರ್, ಬ್ರೇಕ್, ಬುಷ್ (ಸಸ್ಪೆನ್ಶನ್ ಕೀಲುಗಳ ರಬ್ಬರ್). ಬ್ಯಾಟರಿ ಕೂಡ ಸುಮ್ನೆ ತೆಗೆದು ಹಾಕುವಂತಿಲ್ಲ. ಬಿಎಂಡಬ್ಲ್ಯುನಲ್ಲಿ ಹೊಸ ಬ್ಯಾಟರಿಯನ್ನು ಕಾರಿನ ಕಂಪ್ಯೂಟರ್‌ಗೆ ಪರಿಚಯ ಮಾಡಿಸಬೇಕು. ಭಾವ ಆ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದರು. ಮೂರನೇ ತಿಂಗಳಿಗೇ ಅದರಲ್ಲಿ ಅರ್ಧ ಟೈರಿಗೆ ಹೋಯಿತು.