ಚಳಿಗಾಲದ ರೈಲು ಪಯಣ: ನಡುವೆ ಯಾವ ಊರಿನಲ್ಲಿ ಇಳಿಯಬೇಕು?

ಬೆಂಗಳೂರಿನಿಂದ ವಿಜಯಪುರದ ನಮ್ಮ ಮನೆಗೆ ಬರುವ ನೆಂಟರು ಪ್ರತಿ ಡಿಸೆಂಬರ್‌ನಲ್ಲಿ ಇದೇ ಪ್ರಶ್ನೆ ಕೇಳುತ್ತಾರೆ: 'ದಾರಿಯಲ್ಲಿ ಒಂದು ದಿನ ಎಲ್ಲಿ ಇಳಿಯೋಣ?' ನಾನು ಊರಿನ ಹೆಸರಿಗಿಂತ ಮೊದಲು ರೈಲಿನ ವೇಳಾಪಟ್ಟಿ ನೋಡಲು ಹೇಳುತ್ತೇನೆ. ಜನವರಿಯಲ್ಲಿ ಇಲ್ಲಿ ಬೆಳಕು ಹರಿಯುವುದೇ ಏಳರ ಹೊತ್ತಿಗೆ. ಒಮ್ಮೆ ಮೂರು ವರ್ಷದ ಮೊಮ್ಮಗನೊಂದಿಗೆ ಬೆಳಗಿನ ಜಾವ ಮೂರೂವರೆಗೆ ಒಂದು ನಿಲ್ದಾಣದಲ್ಲಿ ಇಳಿದೆ. ನಿರೀಕ್ಷಣಾ ಕೊಠಡಿಗೆ ಬೀಗ. ಮಗುವನ್ನು ಕೌದಿಯಲ್ಲಿ ಸುತ್ತಿ ಎದೆಗವಚಿಕೊಂಡು ಕಲ್ಲುಬೆಂಚಿನ ಮೇಲೆ ಬೆಳಗು ಮಾಡಿದೆ. ಅಂದಿನಿಂದ, ಆರಕ್ಕೂ ಮುಂಚೆ ತಲುಪುವ ರೈಲಾದರೆ ಆ ಊರನ್ನು ಬಿಟ್ಟೇಬಿಡುತ್ತೇನೆ.

ಆಮೇಲೆ ನೋಡಬೇಕಾದದ್ದು ನಿಲ್ದಾಣಕ್ಕೂ ನೋಡುವ ಜಾಗಕ್ಕೂ ಇರುವ ದೂರ. ಬಾದಾಮಿ ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ.; ಟಂಟಂ (ಶೇರ್ ಆಟೊ) ಹಿಡಿಯಬೇಕು. ಗುಹೆಗಳನ್ನು ಹತ್ತಿ, ಅಗಸ್ತ್ಯತೀರ್ಥದ ದಂಡೆಯಲ್ಲಿ ಕುಳಿತು, ಮರುದಿನ ಪಟ್ಟದಕಲ್ಲು, ಐಹೊಳೆಗೂ ಹೋಗಬೇಕೆಂದರೆ ಒಂದು ರಾತ್ರಿ ಉಳಿಯಲೇಬೇಕು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ; ಅದರ ಮುಂದೆ ಅವಸರ ಸಲ್ಲದು. ಬೇಸಿಗೆಯಲ್ಲಿ ಕಾದು ಸುಡುವ ಆ ಕೆಂಪು ಬಂಡೆ ಚಳಿಗಾಲದಲ್ಲಿ ಅಂಗೈಗೆ ಹಿತವಾಗಿರುತ್ತದೆ.

ಕೈಯಲ್ಲಿ ಅರ್ಧ ದಿನವಷ್ಟೇ ಇದ್ದರೆ ಬಾದಾಮಿ ಬೇಡ, ನೇರವಾಗಿ ವಿಜಯಪುರಕ್ಕೆ ಬನ್ನಿ. ಇದನ್ನು ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಗೋಳಗುಮ್ಮಟ ನಿಲ್ದಾಣದ ಬಳಿಯಲ್ಲೇ ಇದೆ, ನಡೆದೇ ಹೋಗಬಹುದು. ಶಾಲಾಮಕ್ಕಳ ಪ್ರವಾಸದ ಬಸ್ಸುಗಳು ಬರುವ ಮೊದಲು, ಬೆಳಿಗ್ಗೆಯೇ ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಮೊಗಸಾಲೆ ಸೇರಿಕೊಳ್ಳಿ. ಗದ್ದಲವಾದರೆ ಏನೂ ಕೇಳಿಸುವುದಿಲ್ಲ. ಹೋದ ವರ್ಷ ನಾನು ಗೋಡೆಗೆ ಕಿವಿಯಾನಿಸಿ ನಿಂತಿದ್ದೆ. ಎದುರು ಬದಿಯಲ್ಲಿ ಮೊಮ್ಮಗ ಟಿಕೆಟ್ ಚೀಟಿ ಮಡಚಿದ ಸರಸರ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಆದಂತಿತ್ತು. 1656ರಲ್ಲಿ ಮುಗಿದ ಕಟ್ಟಡ ಇಂದಿಗೂ ಹಾಗೆ ಮಾತನಾಡುತ್ತದೆ. ಸಮಯ ಉಳಿದರೆ ಆದಿಲ್‌ಶಾಹಿ ಸುಲ್ತಾನನ ಸಮಾಧಿಯಾದ ಇಬ್ರಾಹಿಂ ರೋಜಾ ನೋಡಿ. ಅಲ್ಲಿನ ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರಗಳಾಗಿ ಕೊರೆದು ಜಾಲರಿ ಮಾಡಿದ್ದಾರೆ.

ಜಾತ್ರೆಯ ದಿನಗಳನ್ನೂ ವಿಚಾರಿಸಿಕೊಳ್ಳಿ. ಸಂಕ್ರಾಂತಿಗೆ ಇಲ್ಲಿ ಸಿದ್ಧೇಶ್ವರ ಜಾತ್ರೆ, ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ. ಮುಂಗಡ ಹೇಳದೆ ಬಂದರೆ ಕೋಣೆ ಸಿಗುವುದು ಕಷ್ಟ. ಆದರೆ ಬನಶಂಕರಿಯಲ್ಲಿ ನಾಟಕ ಕಂಪನಿಗಳು ಬೀಡುಬಿಟ್ಟಿರುತ್ತವೆ; ನಾಟಕದ ಹುಚ್ಚಿದ್ದವರು ಅದಕ್ಕಾಗಿಯೇ ಇಳಿಯಬಹುದು.

ಇಳಿಯುವ ಊರಿನವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಒಂದು ಎಂದು ಎರಡು ಟಿಕೆಟ್ ಮಾಡಿಸಿದರೆ ಗೊಂದಲವಿಲ್ಲ. ಚೀಲಗಳಿಗೆ ಬೀಗವಿರಲಿ, ಬೀಗ ಹಾಕದ ಸಾಮಾನನ್ನು ಕ್ಲೋಕ್ ರೂಮಿನವರು ಇಟ್ಟುಕೊಳ್ಳುವುದಿಲ್ಲ. ಹೊರಡುವ ಮುನ್ನ ಖಾನಾವಳಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೇಳಿ, ಈ ತಿಂಗಳುಗಳಲ್ಲಿ ಮಾಡುತ್ತಾರೆ. ಶೇಂಗಾ ಹಿಂಡಿಯೊಂದಿಗೆ (ಚಟ್ನಿಪುಡಿ) ನಾಲ್ಕು ಕಟ್ಟಿಸಿಕೊಂಡರೆ ರಾತ್ರಿ ರೈಲಿನ ಊಟ ಮುಗಿಯಿತು.